ಬಿಳಿ ಕಲೆ ಇಲ್ಲದ ಗೋಡೆ

ಮುಲಾಲೊ ಜೀಪಿನಿಂದ ಇಳಿಯುವಷ್ಟರಲ್ಲಿ ಊರಿನವರು ಔಷಧಿ ಹೊಡೆಯುವ ಅಜ್ವಿಂದಿನಿಯನ್ನು ಮಾರುಲಾ ಮರಕ್ಕೆ ಕಟ್ಟಿಹಾಕಿ ಆಗಿತ್ತು. ಅವನ ತುಟಿ ಒಡೆದಿತ್ತು. ಅವನ ಪಂಪು ಪಕ್ಕದಲ್ಲೇ ಮಗುಚಿ ಬಿದ್ದಿತ್ತು.

"ನೋಡಿ, ನಿಮ್ಮ ಮನುಷ್ಯ," ಎಂದ ಗುಂಡೊ. "ನನ್ನ ಮಗಳನ್ನ ಕೊಂದವನು."

ಗುಂಡೊನ ಮಗಳು ಉನರಿನೆ, ಮನೆಯವರ ಬಾಯಲ್ಲಿ ಉನಾ, ಆರು ವರ್ಷದವಳು, ಮೊನ್ನೆ ಮಲೇರಿಯಾದಿಂದ ಸತ್ತಿದ್ದಳು. ಅದೇ ಕೇರಿಯ ಇನ್ನೂ ನಾಲ್ಕು ಮನೆಗಳಲ್ಲಿ ಜ್ವರ ಎದ್ದಿತ್ತು. ಊರಿನ ಉಳಿದ ಕಡೆ ಯಾರಿಗೂ ಮೈ ಬಿಸಿಯಾಗಿರಲಿಲ್ಲ.

ಮುಲಾಲೊ ಜಿಲ್ಲೆಯ ಮಲೇರಿಯಾ ಇನ್‌ಸ್ಪೆಕ್ಟರ್. ಅವಳು ಕೆಲಸಕ್ಕೆ ಸೇರಿದ ಕಾಲದಲ್ಲಿ ಪ್ರತಿ ಮಳೆಗಾಲವೂ ಮಕ್ಕಳಿಗೆ ಗುಂಡಿ ತೋಡುವ ಕಾಲವಾಗಿತ್ತು. ಆಮೇಲೆ ಮನೆಮನೆಗೆ ಡಿಡಿಟಿ ಹೊಡೆದು ಹೊಡೆದು, ವರ್ಷದಿಂದ ವರ್ಷಕ್ಕೆ ಜ್ವರ ಇಳಿಯುತ್ತ ಬಂತು. ಆಫೀಸಿನ ಗೋಡೆಯ ಮೇಲೆ ಜ್ವರದ ಲೆಕ್ಕ ತೋರಿಸುವ ಗೆರೆ ಇಳಿದೂ ಇಳಿದೂ ನೆಲ ಮುಟ್ಟಿತು. ಒಂಬತ್ತು ವರ್ಷ ಈ ಊರಲ್ಲಿ ಮಲೇರಿಯಾದ ಒಂದು ಸಾವೂ ಇಲ್ಲ. ನಿಮ್ಮ ಹುದ್ದೆ ಇನ್ನೂ ಬೇಕಾ ಎಂದು ಮೇಲಿನವರು ನಗುತ್ತಾ ಕೇಳುವಷ್ಟು ಎಲ್ಲವೂ ಸುಖವಾಗಿತ್ತು. ಮೊನ್ನೆ ಫೋನ್ ಬಂದಾಗ ಅವಳಿಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಏನೂ ಅನಿಸಲಿಲ್ಲ. ಅದೇ ಅವಳಿಗೆ ಭಯ ಹುಟ್ಟಿಸಿತ್ತು.

ಊರ ಯಜಮಾನರು ಹತ್ತಿರ ಬಂದು ದನಿ ತಗ್ಗಿಸಿದರು. "ಸಂಜೆಯೊಳಗೆ ಇತ್ಯರ್ಥ ಆಗ್ಬೇಕು ತಾಯಿ. ಗುಂಡೊನ ಜೊತೆ ಗಣಿಯಿಂದ ರಜಕ್ಕೆ ಬಂದ ಹುಡುಗರು ಕೈ ಮೀರಿದಾರೆ. ಇವನ ಗುಡಿಸಲಿಗೆ ಬೆಂಕಿ ಇಟ್ಟು ಹೆಂಡ್ತಿ ಮಕ್ಕಳ ಸಮೇತ ಊರು ಬಿಡಿಸ್ತೀವಿ ಅಂತಿದಾರೆ."

"ಇವನ ತಪ್ಪು ಏನು?"

"ಔಷಧಿ ಮಾರ್ಕೊಂಡ!" ಗುಂಡೊ ಕೂಗಿದ. "ನಮ್ಮನೆಗೆ ಬರೀ ನೀರು ಹೊಡೆದ. ಬನ್ನಿ, ಗೋಡೆ ನೋಡಿ. ಔಷಧಿ ಒಣಗಿದ ಬಿಳಿ ಕಲೆ ಒಂದಾದ್ರೂ ಇದ್ರೆ ನನ್ನ ಕಿವಿ ಕೊಯ್ಯಿರಿ. ಅವನ ಟೊಮ್ಯಾಟೊ ಗಿಡ ನೋಡಿದೀರಾ? ಊರಿನ ಗಿಡಕ್ಕೆಲ್ಲ ಹುಳ, ಅವನದಕ್ಕೆ ಮಾತ್ರ ಇಲ್ಲ. ನಮ್ಮ ಮಕ್ಕಳ ಔಷಧಿ ಅಲ್ಲಿಗೆ ಹೋಗಿದೆ!"

"ಅಜ್ವಿಂದಿನಿ, ಏನಪ್ಪಾ ಹೇಳ್ತೀಯ?"

"ಹೊಡೆದಿದೀನಿ ಅಕ್ಕ." ಅವನು ತಲೆ ಎತ್ತಲಿಲ್ಲ. "ಇಷ್ಟು ವರ್ಷ ಹೊಡೆದ ಹಾಗೇ ಹೊಡೆದಿದೀನಿ. ಇನ್ನೇನು ಹೇಳ್ಲಿ?"

ಮುಲಾಲೊ ಮೊದಲು ಅವನ ಹಿತ್ತಲಿಗೆ ಹೋದಳು. ಹಿಂದೆಯೇ ಗುಂಡೊ, ಅವನ ಹಿಂದೆ ಅರ್ಧ ಊರು. ಗಿಡಗಳು ನಿಜಕ್ಕೂ ಸೊಂಪಾಗಿದ್ದವು. ಅವಳು ಕುಕ್ಕರಗಾಲಲ್ಲಿ ಕೂತು ಒಂದು ಎಲೆ ಮಗುಚಿದಳು. ಇನ್ನೊಂದು ಮಗುಚಿದಳು.

"ಬಗ್ಗಿ ನೋಡಿ, ಗುಂಡೊ."

ಎಲೆಯ ಅಡಿಯಲ್ಲಿ ಹಸಿರು ಗಿಡಹೇನು ಕಿಕ್ಕಿರಿದಿತ್ತು. ಇರುವೆಗಳು ಓಡಾಡುತ್ತಿದ್ದವು.

"ಡಿಡಿಟಿ ಕುಡಿದ ಗಿಡದಲ್ಲಿ ಇಷ್ಟು ಸಂಸಾರ ಇರುತ್ತಾ?"

ಗುಂಡೊ ಮುಖ ತಿರುಗಿಸಿದ. "ಹಾಗಾದ್ರೆ ಬೇರೆ ಎಲ್ಲೋ ಮಾರಿದಾನೆ."

"ಇರಬಹುದು. ನಿಮ್ಮ ಮನೆ ನೋಡೋಣ. ನೀವೆಲ್ಲ ಹೊರಗಿರಿ, ಹೆಂಗಸರ ಹತ್ರ ನಾನೊಬ್ಬಳೇ ಮಾತಾಡ್ತೀನಿ."

ಗುಂಡೊನ ಮನೆಯ ಗೋಡೆ ನೋಡಿದವರು ಒಂದು ಕ್ಷಣ ನಿಲ್ಲಲೇಬೇಕು. ಕೆಮ್ಮಣ್ಣು, ಸಗಣಿ ಕಲಸಿ ನುಣ್ಣಗೆ ಸಾರಿಸಿ, ಬೆರಳಲ್ಲೇ ಅಲೆಅಲೆಯಾಗಿ ಎಳೆದ ಗೆರೆಗಳು. ಒಳಗೂ ಹಾಗೇ. ಕಲೆಯೇನು, ಚುಕ್ಕೆಯೂ ಇರಲಿಲ್ಲ. ಗುಂಡೊನ ಹೆಂಡತಿ ರೋಫಿವಾ ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಹಾಲುಕುಡಿಯುವ ಗಂಡುಕೂಸು. ಅತ್ತೆ ಮಸಿಂದಿ ಅಜ್ಜಿ ಮೂಲೆಯಲ್ಲಿದ್ದಳು.

"ಊಟ ಮಾಡಿದ್ಯೇನಮ್ಮ?"

"ಗೊತ್ತಿಲ್ಲ," ಎಂದಳು ರೋಫಿವಾ.

"ಕೂಸಿಗೆ ಜ್ವರ ಇದೆಯಾ?"

"ಇನ್ನೂ ಇಲ್ಲ."

ಮುಲಾಲೊ ಬಗ್ಗಿ ಕೂಸಿನ ಹಣೆ ಮುಟ್ಟಿ ನೋಡಿದಳು. ಅವಳು ಟಾರ್ಚು ಹಚ್ಚಿದಳು. ಗೋಡೆಗೆ ಹಿಡಿಯಲಿಲ್ಲ. ಗೋಡೆಯನ್ನು ಊರೆಲ್ಲ ನೋಡಿ ಆಗಿತ್ತು. ಸೂರಿಗೆ ಹಿಡಿದಳು.

ತೊಲೆಗಳ ಮೇಲೆ, ಹುಲ್ಲಿನ ಅಡಿಭಾಗದ ಮೇಲೆ, ಹಿಟ್ಟು ಚಿಮುಕಿಸಿದ ಹಾಗೆ ಬೆಳ್ಳಗೆ ಕಲೆಗಳಿದ್ದವು. ಬಾಗಿಲ ಹಿಂಬದಿಯಲ್ಲೂ ಇದ್ದವು. ಗೋಡೆಯಲ್ಲಿ ಮಾತ್ರ ಇರಲಿಲ್ಲ.

"ಈ ಗೋಡೆ ಸಾರಿಸಿದ್ದು ಯಾವಾಗ?"

"ಜುಲೈ ಚಳಿಯಲ್ಲಿ," ಮಸಿಂದಿ ಅಜ್ಜಿ ತಟ್ಟನೆ ಹೇಳಿದಳು. "ಎಲ್ಲರ ಹಾಗೆ, ಔಷಧಿ ಹೊಡೆಯೋಕೆ ಮುಂಚೆ."

"ಸಾರಿಸಿದ್ದು ಯಾರು?"

"ನಾನೇ."

"ರೋಫಿವಾನ ಕೇಳ್ತಿದೀನಿ ಅಜ್ಜಿ."

"ಅವಳನ್ನೇನು ಕೇಳ್ತೀಯ? ಅವಳಿಗೆ ತನ್ನ ಹೆಸರೇ ನೆನಪಿಲ್ಲ ಈಗ!"

ಮುಲಾಲೊ ವಾದಕ್ಕೆ ಹೋಗಲಿಲ್ಲ. ಚಾಪೆ ಸುತ್ತಿಟ್ಟಿದ್ದ ಮೂಲೆಗೆ ಹೋಗಿ, ಗೋಡೆಯ ಬುಡದಲ್ಲಿ ಉಗುರು ತೂರಿಸಿ ಒಂದು ಚಕ್ಕೆ ಎಬ್ಬಿಸಿದಳು. ಅಂಗೈಯಲ್ಲಿಟ್ಟು ಅಜ್ಜಿಯ ಮುಂದೆ ಹಿಡಿದಳು. ಹೊರಗೆ ಕೆಂಪು ಮಣ್ಣು. ಒಳಗೆ ಹಳೆಯ ಕೆಂಪು ಮಣ್ಣು. ಎರಡರ ನಡುವೆ ತೆಳ್ಳನೆಯ ಬಿಳಿ ಗೆರೆ.

ಅಜ್ಜಿ ಅದನ್ನು ಬೆರಳಲ್ಲಿ ತಿರುವಿ ನೋಡಿದಳು.

"ನಾನು ಇಬ್ಬರು ಮಕ್ಕಳನ್ನ ಮಣ್ಣು ಮಾಡಿದೀನಿ ಮಗಾ, ಇದೇ ಜ್ವರಕ್ಕೆ," ಎಂದಳು. "ಔಷಧಿ ಬಿದ್ದ ಮೇಲೆ ಮಳೆ ಮುಗಿಯೋ ತನಕ ಗೋಡೆ ಮುಟ್ಟಬಾರದು ಅಂತ ನಮ್ಮ ಕಾಲದ ಹೆಂಗಸರಿಗೆಲ್ಲ ಗೊತ್ತು. ಇವಳು ಬೆಟ್ಟದ ಮೇಲಿನ ಊರಿನವಳು. ಅಲ್ಲಿ ಜ್ವರಾನೂ ಇಲ್ಲ, ಔಷಧೀನೂ ಇಲ್ಲ. ನಾನು ಮಗಳ ಬಾಣಂತನಕ್ಕೆ ಹೋಗಿದ್ದೆ. ಬಂದು ನೋಡಿದ್ರೆ ಮನೆ ಫಳಫಳ ಅಂತಿತ್ತು."

"ನೋಡಿ ಏನೂ ಹೇಳಲಿಲ್ವಾ?"

"ಚೆನ್ನಾಗಿತ್ತು." ಅಜ್ಜಿಯ ದನಿಯಲ್ಲಿ ಜೀವವೇ ಇರಲಿಲ್ಲ. "ಜ್ವರ ಬಂದು ಎಷ್ಟೋ ವರ್ಷ ಆಯ್ತಲ್ಲ, ಹೊರಟೇಹೋಯ್ತು ಅಂದ್ಕೊಂಡೆ."

ಮುಲಾಲೊ ತಾನೂ ಹಾಗೇ ಅಂದುಕೊಂಡಿದ್ದಳು. ಅದನ್ನು ಹೇಳಿಕೊಳ್ಳಲು ಇದು ಹೊತ್ತಲ್ಲ. ಹೊರಗೆ ಗಂಡಸರ ಗದ್ದಲ ಏರುತ್ತಿತ್ತು. ಸತ್ಯ ಹೇಳಿದರೆ ಒಬ್ಬ ಮನುಷ್ಯ ಉಳಿಯುತ್ತಾನೆ. ಆದರೆ ಅದೇ ಸತ್ಯವನ್ನು ಈ ತಾಯಿ ತುಂಬಿದ ಸಭೆಯಲ್ಲಿ ಕೇಳಬೇಕು. ಮುಲಾಲೊಗೆ ಬೇರೆ ದಾರಿ ಕಾಣಲಿಲ್ಲ.

"ರೋಫಿವಾ, ನಾನು ಏನು ಹೇಳೋಕೆ ಹೊರಟಿದೀನಿ ಗೊತ್ತಾಯ್ತಾ ನಿನಗೆ?"

"ಗೊತ್ತಾಯ್ತು."

ಮರದ ಕೆಳಗೆ ಸಭೆ ಕೂಡಿತು. ಗಂಡಸರು ಒಂದು ಕಡೆ, ಹೆಂಗಸರು ನೆಲದ ಮೇಲೆ ಇನ್ನೊಂದು ಕಡೆ. ಮುಲಾಲೊ ಸುತ್ತು ಬಳಸಲಿಲ್ಲ.

"ಅಜ್ವಿಂದಿನಿ ನೀರು ಹೊಡೆದಿಲ್ಲ. ನೀರು ಹೊಡೆದಿದ್ರೆ ಸೂರಿನಲ್ಲೂ ಕಲೆ ಇರ್ತಿರಲಿಲ್ಲ. ಜ್ವರ ಬಂದ ಐದು ಮನೆಯ ಸೂರುಗಳನ್ನೂ ಈಗ ನೋಡಿ ಬಂದೆ. ಐದರಲ್ಲೂ ಇದೆ. ನೀವೆಲ್ಲ ಗೋಡೆ ನೋಡಿದ್ರಿ, ಯಾರೂ ಕತ್ತೆತ್ತಲಿಲ್ಲ."

"ಹಾಗಾದ್ರೆ ಗೋಡೆಯ ಔಷಧಿ ಎಲ್ಲಿ ಹೋಯ್ತು?" ಯಜಮಾನರು ಕೇಳಿದರು.

"ಎಲ್ಲೂ ಹೋಗಿಲ್ಲ. ಗೋಡೆಯಲ್ಲೇ ಇದೆ, ಮಣ್ಣಿನ ಅಡಿಗೆ." ಅವಳು ಚಕ್ಕೆಯನ್ನು ಅವರ ಕೈಗಿಟ್ಟಳು. "ಸೊಳ್ಳೆ ಬಂದು ಕೂರೋದು ಗೋಡೆ ಮೇಲೆ. ಆ ಔಷಧಿ ಮೇಲೆ ಹೊಸದಾಗಿ ಸಾರಿಸಿದಾರೆ, ಸೊಳ್ಳೆಗೆ ಅದು ತಾಗೋದೇ ಇಲ್ಲ. ಐದು ಮನೆಯಲ್ಲೂ, ಈ ಮಳೆಗಾಲದಲ್ಲೇ, ಕ್ರಿಸ್‌ಮಸ್ಸಿಗೆ ಮುಂಚೆ."

"ಆ ಐದೇ ಮನೆ ಯಾಕೆ?"

"ಗಣಿಯಿಂದ ಗಂಡಸರು ರಜಕ್ಕೆ ಬಂದಿದ್ದು ಆ ಐದೇ ಮನೆಗೆ."

ನಾಲ್ಕು ಹೆಂಗಸರ ತಲೆ ಒಂದೊಂದಾಗಿ ಬಗ್ಗಿತು. ಗುಂಡೊ ಅದನ್ನು ನೋಡಲಿಲ್ಲ. ಎದ್ದು ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ಮಣ್ಣು, ಸೂರು, ಸೊಳ್ಳೆ ಎಲ್ಲ ಆಯ್ತು. ನನಗೆ ಹೆಸರು ಬೇಕು. ಯಾರು ಮಾಡಿದ್ದು? ಹೆಸರು ಹೇಳಿ!"

ಮುಲಾಲೊ ಬಾಯಿ ತೆರೆದಳು. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಮಾತು ಬಂತು.

"ನಾನು."

ರೋಫಿವಾ ಎದ್ದಿರಲಿಲ್ಲ. ದನಿಯನ್ನೂ ಏರಿಸಲಿಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದಳು.

"ಬಿಳಿ ಕಲೆ ಬಿದ್ದ ಗೋಡೆ ಭಿಕಾರಿ ಮನೆ ಥರ ಕಾಣುತ್ತೆ, ಗಣಿಯ ಜೊತೆಯವರು ಬರ್ತಾರೆ, ಮರ್ಯಾದೆ ಹೋಗುತ್ತೆ ಅಂತ ಫೋನಲ್ಲಿ ಹೇಳಿದ್ರಿ. ಸಾರಿಸಿದೆ. ಬಂದ ದಿನ ನೋಡಿ, ಎಷ್ಟು ಚೆನ್ನಾಗಿ ಮಾಡಿದೀಯೇ ಅಂದ್ರಿ."

ಗುಂಡೊ ನಿಂತಲ್ಲೇ ನಿಂತ. ಆಮೇಲೆ ಮರದ ಹತ್ತಿರ ಹೋಗಿ ಹಗ್ಗ ಬಿಚ್ಚತೊಡಗಿದ. ತಾನೇ ಬಿಗಿದ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ.

ಅಜ್ವಿಂದಿನಿ ಮಣಿಕಟ್ಟು ಉಜ್ಜಿಕೊಂಡ. ಯಜಮಾನರು ಕ್ಷಮೆಯ ಮಾತು ಶುರು ಮಾಡುವ ಮೊದಲೇ, "ಆ ಮನೇಲಿ ಇನ್ನೊಂದು ಕೂಸಿದೆ ಅಕ್ಕ," ಎಂದ ಮುಲಾಲೊಗೆ. "ಬೆಳಕಿರುವಾಗ್ಲೇ ಮತ್ತೆ ಹೊಡೀಬೇಕು. ಜೀಪಲ್ಲಿ ಪುಡಿ ಇದೆಯಾ?"

ಇತ್ತು. ಪಾತ್ರೆ, ಚಾಪೆ, ಕಂಬಳಿ ಎಲ್ಲ ಅಂಗಳಕ್ಕೆ ಬಂದವು. ಪಂಪಿಗೆ ನೀರು ಹೊತ್ತು ತಂದವನು ಗುಂಡೊ. ಅಜ್ವಿಂದಿನಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಹೊಡೆಯುತ್ತ ಬಂದ. ಕೆಂಪು ಅಲೆಗಳ ಮೇಲೆ ಒದ್ದೆ ಪಟ್ಟಿಗಳು ಬಿದ್ದವು.

"ಅಣ್ಣಾ, ನಿಲ್ಲು," ಎಂದಳು ಬಾಗಿಲಲ್ಲಿ ನಿಂತಿದ್ದ ರೋಫಿವಾ.

ಅವನು ನಿಂತ. ಅವಳು ಗೋಡೆಯ ಕೆಳಭಾಗವನ್ನು ತೋರಿಸಿದಳು. ಅಲ್ಲಿ ಗೆರೆಗಳು ಚಿಕ್ಕವು, ವಕ್ರವಕ್ರ, ಒಂದರ ಮೇಲೊಂದು ಹತ್ತಿದ್ದವು.

"ಅದು ಉನಾ ಸಾರಿಸಿದ್ದು. ಅಷ್ಟಕ್ಕೇ ಕೈ ಎಟುಕ್ತಿತ್ತು."

ಅಜ್ವಿಂದಿನಿ ಕೊಳವೆ ಕೆಳಗಿಳಿಸಿ ಮುಲಾಲೊಳ ಮುಖ ನೋಡಿದ. ಅವಳು ರೋಫಿವಾಳ ಕಡೆ ತಿರುಗಿದಳು. ಹೊರಗೆ ಗುಂಡೊ ಖಾಲಿ ಕೊಡ ಹಿಡಿದು ನಿಂತಿದ್ದ.

ರೋಫಿವಾ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.

"ಅಲ್ಲೂ ಹೊಡಿ," ಎಂದಳು.