ಗಂಗಾಂಬಿಕಾಳ ಎರಡನೇ ಗದ್ದ

ಆ ಬೆಳಿಗ್ಗೆ ಕೊಟ್ಟೂರಿನಲ್ಲಿ ಗಂಗಾಂಬಿಕಾ ಅಮರೇಶನ ಫ್ಲೆಕ್ಸ್ ಅಂಗಡಿಯ ಬಾಗಿಲು ನೂಕಿದ ರಭಸಕ್ಕೆ, ಹತ್ತು ಹರದಾರಿ ಆಚೆಯ ಹಡಗಲಿಯಲ್ಲಿ ಸಂಜೆಗೆ ಅರಳಬೇಕಿದ್ದ ಮಲ್ಲಿಗೆ ಮೊಗ್ಗುಗಳೆಲ್ಲ ಬೆಚ್ಚಿ ಒಮ್ಮೆಲೇ ಬಾಯಿ ಬಿಟ್ಟವು. ನಂಬದವರು ಹೋಗಿ ಮೊಗ್ಗುಗಳನ್ನೇ ಕೇಳಬಹುದು.

"ಇದನ್ನ ಮಾಡಿದ್ದು ನೀವ ಏನ್ರಿ?"

ಅವಳು ಚಾಚಿದ ಮೊಬೈಲಿನಲ್ಲಿ ಬಸ್ ನಿಲ್ದಾಣದ ಎದುರು ರಾತ್ರೋರಾತ್ರಿ ಎದ್ದು ನಿಂತ ಫ್ಲೆಕ್ಸಿನ ಫೋಟೊ ಇತ್ತು. ಹರಪನಹಳ್ಳಿಯ ಒಂದು ಚರ್ಮದ ಆಸ್ಪತ್ರೆಯ ಜಾಹೀರಾತು. ‘ಡಬಲ್ ಚಿನ್? ಇನ್ನು ಚಿಂತೆ ಬಿಡಿ’ ಎಂದು ಆಳೆತ್ತರದ ಅಕ್ಷರ. ಬಲಕ್ಕೆ ‘ನಂತರ’ ಎಂದು ಬರೆದ ಕಡೆ, ಉಳಿಯಿಂದ ಕೆತ್ತಿದಂಥ ದವಡೆಯ ಯಾರೋ ಪರದೇಶದ ಸುಂದರಿ. ಎಡಕ್ಕೆ ‘ಮೊದಲು’...

ಅಲ್ಲಿ ಗಂಗಾಂಬಿಕಾ!

ಅವಳ ಗದ್ದದ ಕೆಳಗಿದ್ದ ಇನ್ನೊಂದು ಪುಟ್ಟ ಗದ್ದಕ್ಕೆ ಗುರಿಯಿಟ್ಟ ಕೆಂಪು ಬಾಣ. ಆ ಬಾಣ ಎಷ್ಟು ದೊಡ್ಡದೆಂದರೆ, ಕೆಳಗಿಳಿಸಿದ್ದರೆ ಎತ್ತಿನ ಗಾಡಿಗೆ ಮೂಕಿ ಮಾಡಬಹುದಿತ್ತು.

ಅಮರೇಶನ ಮುಖ ಬಿಳಿಚಿತು. "ಡಿಸೈನ್ ನಂದ ಐತ್ರಿ. ಆದ್ರ ಇದು... ಹಿಂಗ ಇರ್ಲಿಲ್ಲ. ಪ್ರಿಂಟು ಆಸ್ಪತ್ರಿಯವ್ರು ದಾವಣಗೆರ‍್ಯಾಗ ಹಾಕ್ಸ್ಯಾರ. ನಾನು ಈಗ ನೋಡಾಕ ಹತ್ತೀನಿ."

"ನನ್ನ ಫೋಟೊ ಅದರಾಗ ಇಟ್ಟಾವ್ರು ಯಾರು?"

"...ನಾನ."

"ಸಾಕು. ಮುಂದಿಂದು ಏನೂ ಹೇಳಬ್ಯಾಡ್ರಿ."

ಆ ಫೋಟೊ ಅವನ ಕಂಪ್ಯೂಟರಿಗೆ ಬಂದದ್ದು ಆರು ತಿಂಗಳ ಹಿಂದೆ, ಅವಳ ಬ್ಲೌಸ್ ಸೆಂಟರ್ ಶುರುವಾದಾಗ. ಅಂಗಡಿಯ ಫ್ಲೆಕ್ಸಿಗೆಂದು ಅವಳೇ ಕೊಟ್ಟಿದ್ದಳು. ಆವತ್ತು ಅವಳು ಅಳುಕುತ್ತಲೇ ಕೇಳಿದ್ದಳು: "ಗದ್ದದ ಹತ್ರ ಒಂಚೂರು ತಿದ್ತೀರೇನ್ರಿ?" ಅವನು ತಲೆ ಎತ್ತದೆ ಹೇಳಿದ್ದ: "ಇದರಾಗ ತಿದ್ದಾದು ಏನೂ ಇಲ್ಲ ಬಿಡ್ರಿ."

ಐದೇ ಪದ. ಆ ಐದು ಪದಗಳನ್ನು ಅವಳು ಆರು ತಿಂಗಳು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದಳು. ಐದು ತಾಲೂಕಿನ ಹೆಂಗಸರಿಗೆ ಬೋಟ್ ನೆಕ್, ಪಾಟ್ ನೆಕ್ ಬ್ಲೌಸು ಕತ್ತರಿಸುವ ಗಂಗಾಂಬಿಕಾ, ಕಾಗೆಗಳೂ ಕೊಡೆ ಹಿಡಿದು ಹಾರುವ ಬಿಸಿಲಿನಲ್ಲೂ ತಾನು ಮಾತ್ರ ಕತ್ತು ಮುಚ್ಚುವ ಕಾಲರ್ ತೊಡುತ್ತಿದ್ದಳು. ಆ ಐದು ಪದ ಕೇಳಿದ ಮೇಲೆ ಕಾಲರ್ ಅರ್ಧ ಇಂಚು ಇಳಿದಿತ್ತು. ಈಗ ಅದೇ ಮನುಷ್ಯ ಅದೇ ಗದ್ದಕ್ಕೆ ಬಾಣ ಹೊಡೆಸಿದ್ದಾನೆ.

‘ಆವತ್ತು ಸುಳ್ಳು ಹೇಳಿದ್ನಾ? ಇಲ್ಲಾ, ಮನಸ್ನಾಗ ನಕ್ಕಂಡಿದ್ನಾ...’

"ಎಷ್ಟು ಊರಾಗ ಹಾಕ್ಯಾರ?"

ಅವನು ಆಸ್ಪತ್ರೆಗೆ ಫೋನು ಮಾಡಿ, ಕೇಳಿ, ತಲೆ ತಗ್ಗಿಸಿದ. "ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಐದೂ ಇವತ್ತ ಇಳಿಸ್ತೀನ್ರಿ."

"ನಾನೂ ಬರ್ತೀನಿ. ನನ್ನ ಮುಖ ನನ್ನ ಕಣ್ಮುಂದ ಇಳೀಬೇಕು. ಕೊನಿಗೆ ನನ್ನ ಹರಪನಹಳ್ಳ್ಯಾಗ ಆ ಆಸ್ಪತ್ರಿ ಮುಂದ ಬಿಡ್ರಿ. ನಾಕು ಗಂಟಿಗೆ ಬರ್ರಿ ಅಂದಾರ."

"ಜಗಳಕ್ಕ ಏನ್ರಿ?"

"ತೆಗಸಾಕ."

ಹೌದು. ಅವಳು ಬರುವ ಮೊದಲೇ ಫ್ಲೆಕ್ಸಿನ ಮೇಲಿದ್ದ ನಂಬರಿಗೆ ಫೋನು ಹಚ್ಚಿದ್ದಳು. ಎಷ್ಟಾಗುತ್ತದೆ ಎಂದರೆ, ಬಂದು ಕೇಳಿ ಎಂದಿದ್ದರು. ಸಿಟ್ಟು ಅವಳ ಮೂಗಿನ ತುದಿಯಲ್ಲಿದ್ದರೆ, ಅದಕ್ಕಿಂತ ಹದಿನಾರು ಪಟ್ಟು ದೊಡ್ಡ ಕುತೂಹಲ ಹೊಟ್ಟೆಯಲ್ಲಿತ್ತು. ಒಂದು ಗದ್ದ ತೆಗೆಯಲು ಎಷ್ಟು? ಕೊಯ್ಯುತ್ತಾರೋ, ಕರಗಿಸುತ್ತಾರೋ? ತೆಗೆದದ್ದನ್ನು ಏನು ಮಾಡುತ್ತಾರೆ?

ಅಮರೇಶನ ಲಗೇಜ್ ಆಟೋ ಏಣಿ ಹೊತ್ತು ಹೊರಟಿತು. ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ.

"ಗಂಗಾಂಬಿಕಾ ಅವ್ರ, ಒಂದ ಒಂದು ಮಾತು..."

"ರಸ್ತಿ ನೋಡ್ರಿ."

ಕೂಡ್ಲಿಗಿಯಲ್ಲಿ ಅವನು ಏಣಿ ಹತ್ತಿ ಫ್ಲೆಕ್ಸಿನ ಹಗ್ಗ ಕೊಯ್ಯುತ್ತಿದ್ದಾಗ, ಕೆಳಗೆ ನಿಂತ ಗಂಗಾಂಬಿಕಾ ಊರೆಲ್ಲ ನಗುವುದನ್ನು ಕಾಯುತ್ತಿದ್ದಳು. ಚಹಾದಂಗಡಿಯ ಜೋಗಪ್ಪ ಫ್ಲೆಕ್ಸ್ ನೋಡಿದ, ಅವಳನ್ನು ನೋಡಿದ, ಹತ್ತಿರ ಬಂದ. ಅವಳು ಕಾಲರ್ ಮೇಲೆಳೆದುಕೊಂಡಳು.

"ಫೋಟೊದಾಗಿನ ತಂಗಿ ನೀನ ಅಲ್ಲೇನವಾ? ಎಷ್ಟಂತ ಅದು?"

"...ಯಾವ್ದು?"

"ತೆಗಸಾದು. ಬೆಳಗಿಂದ ನಮ್ಮಾಕಿ ತಲಿ ತಿನ್ನಾಕ ಹತ್ಯಾಳ. ರೇಟು ಬರದಿಲ್ಲ ಅದರಾಗ."

ಹಗರಿಬೊಮ್ಮನಹಳ್ಳಿಯಲ್ಲೂ ಅದೇ. ಕಿರಾಣಿ ಅಂಗಡಿಯವರು, ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಟೀಚರು, ಒಬ್ಬ ಪೊಲೀಸಪ್ಪ, ಎಲ್ಲರೂ ಅವರವರ ಗದ್ದ ಒತ್ತಿ ನೋಡಿಕೊಳ್ಳುತ್ತ ಕೇಳಿದ್ದು ಒಂದೇ: ಎಷ್ಟಂತ? ಆ ಹೊತ್ತಿಗೆ ಐದು ತಾಲೂಕಿನಲ್ಲಿ ಮಳೆ, ಬೆಳೆ, ಚುನಾವಣೆಯ ಮಾತೆಲ್ಲ ನಿಂತುಹೋಗಿತ್ತು. ಕುರಿಗಳು ಕೂಡ ಮೇಯುವುದು ಬಿಟ್ಟು ಕತ್ತು ಎತ್ತಿ ನಿಂತಿದ್ದವು.

ಹಡಗಲಿಯಲ್ಲಿ ಹೂವು ಮಾರುವ ಮುದುಕಿ ಅವಳನ್ನು ಪಕ್ಕಕ್ಕೆ ಕರೆದಳು. "ನಂಗ ಮೂರು ಅದಾವ ನೋಡವಾ. ಒಂದು ತಗಂಡು ಅವ್ರ ದುಡ್ಡು ಕೊಡ್ತಾರೇನು, ನಾನ ಕೊಡಬೇಕೇನು?"

ಗಂಗಾಂಬಿಕಾಳಿಗೆ ತಡೆಯಲಾಗಲಿಲ್ಲ. ನಕ್ಕುಬಿಟ್ಟಳು. ಏಣಿಯ ಮೇಲಿದ್ದ ಅಮರೇಶ ಆ ನಗೆ ಕೇಳಿ ತಿರುಗಿದವನು ಎರಡು ಮೆಟ್ಟಿಲು ಜಾರಿ, ಕಂಬ ತಬ್ಬಿಕೊಂಡು ನಿಂತ.

"ಜ್ವಾಕಿ ರೀ..." ಅವಳ ಬಾಯಿಂದ ತಾನಾಗಿ ಬಂತು. ಕೂಡಲೇ ತುಟಿ ಕಚ್ಚಿಕೊಂಡಳು. ‘ಇವ್ನು ಬಿದ್ರ ನನಗೇನು?’

ನಾಲ್ಕಕ್ಕೆ ಹರಪನಹಳ್ಳಿ. ಡಾಕ್ಟರ್ ಯಶೋಧಾ ಮಾತಿನಲ್ಲಿ ಬಲು ನೇರ. ಗದ್ದದ ಕೆಳಗೆ ಎರಡು ಬೆರಳಿನಿಂದ ಮೆಲ್ಲಗೆ ಹಿಡಿದು ನೋಡಿದರು. ಅಮರೇಶ ಬಾಗಿಲ ಬಳಿ ಸುತ್ತಿದ ಫ್ಲೆಕ್ಸುಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

"ನಿಮ್ಮ ತಾಯಿಗೂ ಐತಾ?"

"ಐತ್ರಿ. ಅಜ್ಜಿಗೂ ಇತ್ತು."

"ಹಂಗಾದ್ರೆ ಇದು ವಂಶದ್ದಮ್ಮ. ತೂಕ ಇಳಿಸಿದ್ರೆ ಸ್ವಲ್ಪ ತಗ್ಗಬಹುದು, ಪೂರ್ತಿ ಹೋಗಲ್ಲ. ಅದಕ್ಕೆ ಖರ್ಚಿಲ್ಲ."

"ಖರ್ಚಾಗಾದು ಹೇಳ್ರಿ. ಅದನ್ನ ಕೇಳಾಕ ಬಂದೀನಿ."

ಡಾಕ್ಟರ್ ನಕ್ಕರು. "ಒಂದು, ಕೊಬ್ಬು ಕರಗಿಸೋ ಇಂಜೆಕ್ಷನ್. ಒಂದು ಸಿಟ್ಟಿಂಗಿಗೆ ಹದಿನೈದರಿಂದ ಇಪ್ಪತ್ತೈದು ಸಾವಿರ. ಎರಡರಿಂದ ನಾಲ್ಕು ಸಿಟ್ಟಿಂಗ್ ಬೇಕಾಗ್ತವೆ, ಪ್ರತಿ ಸಲ ಒಂದೆರಡು ವಾರ ಬಾವು ಇರುತ್ತೆ. ಇನ್ನೊಂದು, ಮಷಿನ್ ಇಟ್ಟು ಕೊಬ್ಬನ್ನ ಹೆಪ್ಪುಗಟ್ಟಿಸೋದು. ಅದೂ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ನಮ್ಮಲ್ಲಿಲ್ಲ, ದೊಡ್ಡ ಊರಿಗೆ ಹೋಗ್ಬೇಕು. ಕೊನೇದು ಆಪರೇಷನ್. ಸಣ್ಣ ಕೊಳವೆ ಹಾಕಿ ಕೊಬ್ಬು ಎಳೀತಾರೆ, ಲಕ್ಷದ ಆಸುಪಾಸು. ಊರಿಂದೂರಿಗೆ ರೇಟ್ ಬೇರೆ ಬೇರೆ."

"ತೆಗೆದಿದ್ದನ್ನ ಏನ್ ಮಾಡ್ತೀರಿ?"

"ಚೆಲ್ತೀವಿ. ಇನ್ನೇನು ಉಪ್ಪಿನಕಾಯಿ ಹಾಕ್ತೀವಾ?" ಡಾಕ್ಟರ್ ಕನ್ನಡಿ ಕೈಗೆ ಕೊಟ್ಟರು. "ಉಸಿರಿಗೆ, ನಿದ್ದೆಗೆ ಏನಾದ್ರೂ ತೊಂದ್ರೆ ಐತಾ?"

"ಇಲ್ರಿ."

"ಮತ್ತೆ ಇವತ್ತೇ ಯಾಕಮ್ಮ ಅವಸರ?"

ಅವಳು ಸುಮ್ಮನೆ ಅಮರೇಶನ ಕಂಕುಳಿನತ್ತ ಬೆರಳು ತೋರಿಸಿದಳು. ಡಾಕ್ಟರ್ ಒಂದು ಫ್ಲೆಕ್ಸ್ ಬಿಡಿಸಿ ನೋಡಿದರು. ಅವಳನ್ನು ನೋಡಿದರು. ಬಾವು ಬಂದಂತೆ ಅವರ ಮುಖ ಕೆಂಪಾಯಿತು.

"ಪಾಲಾಕ್ಷಪ್ಪ!"

ಆಸ್ಪತ್ರೆಯ ಮ್ಯಾನೇಜರ್ ಪಾಲಾಕ್ಷಪ್ಪ ಓಡಿ ಬಂದ.

"ಯಾರ ಒಪ್ಪಿಗೆ ತಗೊಂಡು ಈ ಹುಡುಗಿ ಫೋಟೊ ಹಾಕಿದ್ರಿ?"

"ಮೇಡಂ, ತಪ್ಪು ಈ ಅಮರೇಶಂದು. ಇವನು ಕಳಿಸಿದ ಡಿಸೈನ್ ನೋಡ್ಬೇಕಿತ್ತು ನೀವು. ಈಯಮ್ಮನ್ನ ‘ನಂತರ’ದಾಗೆ ಇಟ್ಟಿದ್ದ."

ಗಂಗಾಂಬಿಕಾಳ ಕೈಯಲ್ಲಿನ ಕನ್ನಡಿ ನಿಂತಲ್ಲೇ ನಿಂತಿತು.

"ಚಿಕಿತ್ಸೆ ಆದ್ಮೇಲೂ ಡಬಲ್ ಚಿನ್ ಇದ್ರೆ ಯಾರು ಬರ್ತಾರೆ ಮೇಡಂ? ಫೋನ್ ಮಾಡಿ ಕೇಳಿದೆ. ‘ಸರ್, ಅದಕ್ಕಿಂತ ಚಂದ ಮುಖ ನನ್ನ ಕಂಪ್ಯೂಟರಿನಾಗೆ ಇಲ್ಲ’ ಅಂದ. ಇವನ ಹತ್ರ ಏನು ಮಾತು ಅಂತ, ಪ್ರೆಸ್ಸಿನವರಿಗೆ ಹೇಳಿ ನಾನೇ ಅದನ್ನ ಎಡಕ್ಕೆ ತಂದು ಬಾಣ ಹೊಡೆಸಿದೆ."

ಕೋಣೆಯಲ್ಲಿ ಎಂಥ ಮೌನ ಕವಿಯಿತೆಂದರೆ, ಪಕ್ಕದ ಊರು ಬಾಗಳಿಯ ಗುಡಿಯ ಕಲ್ಲುಕಂಬಗಳು ಪಿಸುಗುಟ್ಟಿದರೂ ಇಲ್ಲಿ ಕೇಳಿಸುತ್ತಿತ್ತು.

"ಖರೇ ಏನ್ರಿ?" ಅವಳು ತಿರುಗಲಿಲ್ಲ. ಕನ್ನಡಿಯಲ್ಲೇ ಅವನನ್ನು ಕೇಳಿದಳು.

"ಖರೇ ರೀ. ನಿಮ್ಗ... ಅದು ಐತಿ ಅಂತ ನಾನು ನೋಡೇ ಇರ್ಲಿಲ್ಲ. ಆರು ತಿಂಗಳಿಂದ ದಿನಾ ಆ ಫೋಟೊ ತೆಗೆದು ನೋಡ್ತೀನಿ. ನಗು ನೋಡ್ತೀನಿ, ಕಣ್ಣು ನೋಡ್ತೀನಿ. ಗದ್ದ ಎಣಿಸಿಲ್ಲ."

ಡಾಕ್ಟರ್ ಯಶೋಧಾ ಪಾಲಾಕ್ಷಪ್ಪನನ್ನು ಹೊರಗೆ ನೂಕಿ, ತಾವೂ ಮೆಲ್ಲಗೆ ಹೊರಟರು.

ಗಂಗಾಂಬಿಕಾ ಕನ್ನಡಿ ನೋಡಿದಳು. ತನಗೇ ಗೊತ್ತಿಲ್ಲದೆ ನಗು ಬಂದಿತ್ತು. ನಕ್ಕಾಗ ಕೆಳಗಿನ ಗದ್ದ ಮೊದಲು ಕುಣಿಯಿತು. ‘ಥೇಟ್ ನಮ್ಮವ್ವ...’ ರೊಟ್ಟಿ ತಟ್ಟುತ್ತ ನಗುವಾಗ ಅವ್ವನ ಗದ್ದವೂ ಹೀಗೆಯೇ ಕುಣಿಯುತ್ತದೆ. ಆ ನಗೆ ನೋಡಲೆಂದೇ ಅಪ್ಪ ಒಂದೇ ಹಳೆಯ ಜೋಕನ್ನು ಮೂವತ್ತು ವರ್ಷದಿಂದ ಹೇಳುತ್ತಿದ್ದಾನೆ. ಇದನ್ನು ತೆಗೆಸಿದರೆ ಅವ್ವನ ನಗೆಯಲ್ಲಿ ಒಂದು ಪಾಲು ಚೆಲ್ಲಿದಂತೆ.

ಆದರೂ ಅವಳು ಕರಗಿ ನೀರಾಗಲಿಲ್ಲ. ಕೊಟ್ಟೂರಿನ ಹುಡುಗಿ.

"ಎಡಕ್ಕಿಡ್ರಿ, ಬಲಕ್ಕಿಡ್ರಿ. ನನ್ನ ಮುಖ ನಂದು. ಕೇಳದ ಹಾಕಿದ್ದು ತಪ್ಪೋ ಅಲ್ವೋ?"

"ತಪ್ಪು ರೀ."

"ಮತ್ಯಾಕ ಕೇಳಲಿಲ್ಲ?"

"ಕೇಳಾಕ ನಿಮ್ಮ ಅಂಗಡಿ ತನಕ ಹದಿನೇಳು ಸಲ ಬಂದಿದ್ದೆ. ಬಾಗ್ಲಾಗ ಹೆಣ್ಮಕ್ಕಳು ತುಂಬಿರ್ತಿದ್ರು. ಹಂಗ ವಾಪಸ್ ಹೋಗ್ತಿದ್ದೆ."

ಅವಳು ಕನ್ನಡಿ ಕೆಳಗಿಟ್ಟು ಕೋಣೆಯಿಂದ ಆಚೆ ಬಂದಳು. ಅಲ್ಲೇ ನಿಂತಿದ್ದ ಡಾಕ್ಟರಿಗೆ ಹೇಳಿದಳು: "ಸದ್ಯಕ್ಕ ಬ್ಯಾಡ್ರಿ. ಇವ್ರು ಅಂದಿದ್ದಕ್ಕಲ್ಲ. ರೇಟು ಕೇಳಿ, ಕನ್ನಡಿ ನೋಡಿ, ನಾನ ಅಂದ್ಕಂಡೆ. ಮುಂದ ಬೇಕು ಅನಿಸಿದ್ರ ಬರ್ತೀನಿ." ಆಸ್ಪತ್ರೆಯಿಂದ ಹೊರಬಿದ್ದವಳೇ ಬಸ್ಸು ಹತ್ತಿ ಕೊಟ್ಟೂರಿಗೆ ಹೋದಳು. ಖಾಲಿ ಸೀಟಿನ ಲಗೇಜ್ ಆಟೋ ಬಸ್ಸಿನ ಹಿಂದೆಯೇ ಕೊಟ್ಟೂರಿನವರೆಗೂ ಬಂತು. ಒಮ್ಮೆಯೂ ಓವರ್‌ಟೇಕ್ ಮಾಡಲಿಲ್ಲ.

ಎಂಟನೇ ದಿನ ಮಧ್ಯಾಹ್ನ, ಬ್ಲೌಸ್ ಸೆಂಟರಿನಲ್ಲಿ ಹನ್ನೆರಡು ಹೆಂಗಸರಿದ್ದರು. ನೂರು ಎಂದರೂ ತಪ್ಪಿಲ್ಲ. ಹದಿನೆಂಟನೇ ಸಲ ಬಂದ ಅಮರೇಶ ಈ ಸಲ ತಿರುಗಿ ಹೋಗಲಿಲ್ಲ. ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು, ಅವಳ ಕತ್ತರಿಯ ಪಕ್ಕ ಒಂದು ಹಾಳೆ ಇಟ್ಟ.

ಅದರಲ್ಲೂ ಎರಡು ಚೌಕ. ‘ಮೊದಲು’ ಎಂದಲ್ಲಿ ಅವನೊಬ್ಬನೇ, ಪೆದ್ದುಪೆದ್ದಾಗಿ ನಿಂತಿದ್ದ. ‘ನಂತರ’ ಎಂದಲ್ಲೂ ಅವನೇ, ಒಂದು ಬದಿಗೆ ಸರಿದು ನಿಂತಿದ್ದ. ಪಕ್ಕದ ಜಾಗ ಖಾಲಿ.

"ಇಲ್ಲಿ ಯಾರ್ದು ಫೋಟೊ ಬಿಟ್ಟೀರಿ?" ಅವಳು ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಕೇಳದ ಹಾಕಬಾರ್ದು ಅಂದಿದ್ರಲ್ರಿ. ಕೇಳಾಕ ಬಂದೀನಿ."

ಹೊಲಿಗೆ ಯಂತ್ರಗಳೆಲ್ಲ ನಿಂತವು. ಆಗ ಅವನು ನೋಡಿದ. ಅವಳ ಬ್ಲೌಸಿಗೆ ಇವತ್ತು ಕಾಲರ್ ಇರಲಿಲ್ಲ. ಅಗಲವಾದ ಬೋಟ್ ನೆಕ್.

"ಇದಕ್ಕ ಎಷ್ಟು ಸಿಟ್ಟಿಂಗ್ ಬೇಕಾಗ್ತಾವು?" ಅವಳು ಕತ್ತರಿ ನೋಡುತ್ತಲೇ ಕೇಳಿದಳು.

"ದಿನಾ ಬೇಕು ರೀ. ಸಾಯಾ ತನಕ."

"ಬಾವು ಬರ್ತೈತೇನು?"

"ಸಿಟ್ಟು ಬಂದಾಗ. ಒಂದೆರಡು ದಿನದಾಗ ಇಳೀತೈತಿ."

ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು, ಕೆಳಗಿನ ಗದ್ದ ಆಗಲೇ ಕುಣಿಯತೊಡಗಿತ್ತು.

"ಮೊದ್ಲು ಮನಿಗೆ ಬಂದು ನಮ್ಮವ್ವನ್ನ ಕೇಳ್ರಿ. ಆಕಿಗೂ ಎರಡು ಗದ್ದ ಅದಾವ. ಎರಡೂ ‘ಹ್ಞೂಂ’ ಅನಬೇಕು."

"ಮತ್ತ ನಿಮ್ಮವು?"

"ನನ್ನವು ಯಾವತ್ತೋ ಅಂದಾವ... ನೀವು ಎಣಿಸಿಲ್ಲ ಅಷ್ಟ."