ಅಕ್ರೋಟ್ ಹಲಗೆಯ ತೇವ

2024ರ ಜನವರಿ 11, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

ಆ ಹೊತ್ತನ್ನು ಅವಳು ಮರೆಯುವಂತೆಯೇ ಇರಲಿಲ್ಲ. ತನ್ನ ಕೈಯಾರೆ ದಾಖಲೆ ಪುಸ್ತಕದಲ್ಲಿ ಬರೆದಿದ್ದಳು. ಅದರ ಪಕ್ಕದಲ್ಲೇ ಒಂದು ಅಂಕಿಯನ್ನೂ ಬರೆದಿದ್ದಳು.

ಆ ಅಂಕಿ ತಪ್ಪಾಗಿತ್ತು.

ಅವನನ್ನು ಅವಳು ಮೊದಲ ಬಾರಿ ನೋಡಿದ್ದೂ ಅದೇ ನಿಮಿಷದಲ್ಲಿ. ಹಳೆಯ ಕಾರುಗಳಿಗೆ ಮತ್ತೆ ಜೀವ ಕೊಡುವ ಅವಳ ಸೋದರಮಾವನ ಗ್ಯಾರೇಜಿನ ಬಾಗಿಲಲ್ಲಿ, ಆ ದಿನವೇ ಕೆಲಸಕ್ಕೆ ಬಂದ ಬಡಗಿ ನಿಂತಿದ್ದ. ಕೈಯಲ್ಲಿ ಅಕ್ರೋಟ್ ಮರದ ಒಂದು ಹಲಗೆ. ಅದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದ, ಗೋಡೆಯಾಚೆಯ ಮಾತಿಗೆ ಕಿವಿಗೊಟ್ಟವನ ಹಾಗೆ.

ಅವಳಿಗೆ ನಗು ತಡೆಯಲಾಗಲಿಲ್ಲ. “ಏನಂತೆ ಅದು?”

ಅವನು ಕಣ್ಣು ತೆರೆದ. ನಾಚಿಕೊಂಡ. ಆದರೂ ಹಲಗೆಯನ್ನು ಕೆಳಗಿಡಲಿಲ್ಲ.

“ಇನ್ನೂ ಒಣಗಿಲ್ವಂತೆ. ಒಣಗಿದ ಮರ ಕೆನ್ನೆಗೆ ಇಷ್ಟು ತಣ್ಣಗಿರಲ್ಲ ಮೇಡಂ. ಇನ್ನೆರಡು ತಿಂಗಳು ಬಿಟ್ಟರೆ ಒಳ್ಳೇದು.”

ಅವಳು ಭೌತಶಾಸ್ತ್ರ ಓದಿದವಳು. ಬಣ್ಣದ ದಪ್ಪ, ಬೋಲ್ಟಿನ ಬಿಗಿತ, ಬಾಗಿಲಿನ ಸಂದು... ಆ ಗ್ಯಾರೇಜಿನಲ್ಲಿ ಅಳೆಯುವುದೆಲ್ಲ ಅವಳ ಪಾಲಿನದು. ಕೆಲಸದವರು ಪ್ರೀತಿಯಿಂದಲೋ ಭಯದಿಂದಲೋ ಅವಳನ್ನು ‘ಮೀಟರಮ್ಮ’ ಅನ್ನುತ್ತಿದ್ದರು. ಅವಳು ಅಂಗೈಯಗಲದ ತೇವಮಾಪಕವನ್ನು ತಂದು ಹಲಗೆಯ ಮೇಲೆ ಒತ್ತಿ ಹಿಡಿದಳು.

“ಎಂಟು,” ಎಂದಳು. “ಶೇಕಡಾ ಎಂಟಿದ್ದರೆ ಕಾರೊಳಗೆ ಕೂರಿಸಬಹುದು. ಕೆಲಸ ಶುರು ಮಾಡಿ.”

ಕೆನ್ನೆಗೆ ಹೊಸ ಸೆಲ್ ಹಾಕಿಸಬೇಕೇನೋ ಎಂದು ಮೂಲೆಯಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು.

“ಯಂತ್ರ ಎಂಟು ಅಂದ್ರೆ ಎಂಟೇ ಇರಬೇಕು,” ಎಂದು ಅವನು ಹಲಗೆಯನ್ನು ಒಳಕ್ಕೆ ಒಯ್ದ.

ಆ ಹಲಗೆ ಹೋಗಬೇಕಿದ್ದದ್ದು ದಂತದ ಬಣ್ಣದ ಒಂದು ಹಳೆಯ ಸ್ಪೋರ್ಟ್ಸ್ ಕಾರಿಗೆ. ಇಬ್ಬರೇ ಕೂರುವಂಥದ್ದು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತೆ ತಗ್ಗು. ಅದರ ಒಡತಿ ನಿವೃತ್ತ ಹಲ್ಲಿನ ಡಾಕ್ಟರಮ್ಮ. ಕಾರಿನ ಡ್ಯಾಶ್‌ಬೋರ್ಡ್ ಮೊದಲಿನಿಂದಲೂ ಬೋಳು ತಗಡಿನದು, ಕರಿ ಬಣ್ಣ ಬಳಿದದ್ದು. ನಲವತ್ತು ವರ್ಷದಿಂದ ಈ ಕರಿಹಲಗೆ ನೋಡಿ ನೋಡಿ ಸಾಕಾಗಿದೆ, ಪಾಠ ಒಪ್ಪಿಸಬೇಕು ಅನ್ನಿಸುತ್ತೆ, ಇನ್ನಾದರೂ ಮರ ಹಾಕಿಸಿಕೊಡಿ ಎಂದು ಆಕೆ ಹಟ ಹಿಡಿದಿದ್ದರು. ಡ್ಯಾಶ್‌ಬೋರ್ಡ್, ಎರಡು ಬಾಗಿಲಿನ ಮೇಲಂಚಿನ ಪಟ್ಟಿ, ಗೇರಿನ ಹಿಡಿಕೆ... ಎಲ್ಲವೂ ಒಂದೇ ಮರದ್ದಾಗಬೇಕು.

ಹನ್ನೊಂದು ವಾರ ಕೆಲಸ ನಡೆಯಿತು.

ಮೀಟರುಗಳನ್ನು ಕೂರಿಸುವ ದುಂಡು ಕಿಂಡಿಗಳನ್ನು ಕೊರೆಯುವ ಮೊದಲು ಅವನು ಹಲಗೆಯನ್ನು ತಗಡಿಗೆ ಹಿಡಿದು ಹಿಡಿದು ನೋಡುತ್ತಿದ್ದ. ದೀಪ ಹಿಡಿಯಲು ಪಕ್ಕದ ಸೀಟಿನಲ್ಲಿ ಅವಳು. ಮರದ ಎಳೆ ಎತ್ತ ಹರಿಯುತ್ತದೆ ಎಂದು ಅವನು ಬೆರಳಲ್ಲಿ ತೋರಿಸುತ್ತಿದ್ದ. ಗಾಳಿಯ ತೇವಕ್ಕೆ ತಕ್ಕಂತೆ ಮರ ಯಾಕೆ ಹಿಗ್ಗಿ ಕುಗ್ಗುತ್ತದೆ ಎಂದು ಅವಳು ವಿವರಿಸುತ್ತಿದ್ದಳು. ಅಷ್ಟು ಕಿರಿದಾದ ಜಾಗದಲ್ಲಿ ಭುಜಕ್ಕೆ ಭುಜ ತಾಗದೆ ಇರುವುದು ಹೇಗೆ?

“ಗಾಡಿ ತುಂಬಾ ಚಿಕ್ಕದು,” ಎಂದ ಅವನು ಒಂದು ದಿನ, ಅವಳತ್ತ ನೋಡದೆ.

“ಇಲ್ಲ. ಸರಿಯಾಗೇ ಇದೆ,” ಎಂದಳು ಅವಳು, ದೀಪವನ್ನು ನೋಡುತ್ತಾ.

*ಇದನ್ನು ನಾನೇ ಹೇಳಿದೆನಾ?* ಸಂಜೆಯವರೆಗೂ ಅವಳಿಗೆ ತನ್ನ ಮೇಲೇ ಅಚ್ಚರಿ.

ಕೊನೆಯ ಮೆರುಗೆಣ್ಣೆ ಹಚ್ಚುವ ದಿನ ಅವನು, ಕೆಲಸ ಮುಗಿದ ಮೇಲೆ ಒಂದು ಮಾತು ಕೇಳುವುದಿದೆ ಎಂದ. ಈಗಲೇ ಕೇಳಿ ಅಂದದ್ದಕ್ಕೆ ತಲೆಯಾಡಿಸಿದ.

“ಕಾರು ಮನೆಗೆ ಹೋಗಲಿ ಮೇಡಂ. ಕೆಲಸ ಕೆಟ್ಟರೆ ಕೇಳೋಕೆ ಮುಖ ಇರಲ್ಲ.”

ಏಪ್ರಿಲ್ ಒಂದರಂದು ಕಾರು ಮನೆಗೆ ಹೋಯಿತು. ಏಪ್ರಿಲ್ ಆರರಂದು ವಾಪಸ್ ಬಂತು.

ಐದು ದಿನ ಬಿಸಿಲಲ್ಲಿ ನಿಂತಿತ್ತು, ಅಷ್ಟೇ. ಸ್ಪೀಡೋಮೀಟರಿನ ಕಿಂಡಿಯಿಂದ ಗಡಿಯಾರದ ಕಿಂಡಿಯವರೆಗೆ, ಎಳೆಯ ಉದ್ದಕ್ಕೂ, ಉಗುರು ಹೋಗುವಷ್ಟು ಬಿರುಕು. ಹಲ್ಲಾಗಿದ್ದರೆ ನಾನೇ ತುಂಬಿಬಿಡುತ್ತಿದ್ದೆ ಎಂದು ಡಾಕ್ಟರಮ್ಮ ನಗಿಸಲು ನೋಡಿದರು. ಯಾರೂ ನಗಲಿಲ್ಲ.

ಮಾವ ಸಿಟ್ಟಿನ ಮನುಷ್ಯನಲ್ಲ. ಆದರೆ ಆವತ್ತು ಮಾತು ಬಿರುಸಾಯಿತು. ತೇವ ಅಳೆದು ಬರೆದಿಟ್ಟಿದೆ, ಮರದ್ದೇನೂ ತಪ್ಪಿಲ್ಲ. ಸ್ಕ್ರೂ ಬಿಗಿದ ಕೈಯದೇ ತಪ್ಪು. ಮರಕ್ಕೆ ಅಲುಗಾಡಲು ಜಾಗ ಬಿಡದವನು ಎಂಥ ಬಡಗಿ?

ಅವನು ಬಿರುಕಿನ ಮೇಲೆ ಬೆರಳಾಡಿಸಿದ. “ಇರಬಹುದು,” ಎಂದ. ಉಳಿ, ಗರಗಸ ಚೀಲಕ್ಕೆ ತುಂಬಿಕೊಂಡ. ಬಾಗಿಲಲ್ಲಿ ಒಮ್ಮೆ ನಿಂತು ಅವಳತ್ತ ನೋಡಿದ. ಕೇಳಬೇಕಿದ್ದ ಮಾತನ್ನು ಕೇಳಲೇ ಇಲ್ಲ.

*ಕೈ ತಪ್ಪಿತೇ ಇವರದು?* ಅವಳಿಗೆ ಆಗ ನಿಜಕ್ಕೂ ಹಾಗೇ ಅನ್ನಿಸಿತ್ತು. ಹನ್ನೊಂದು ದಿನ ಹಾಗೇ ನಂಬಿದ್ದಳು.

ಏಪ್ರಿಲ್ ಹದಿನೇಳರಂದು ಬೇರೊಂದು ಕಾರಿಗೆ ಬೀಟೆ ಮರದ ಹಿಡಿಕೆಗಳು ಬಂದವು. ಆ ತೇವಮಾಪಕದ ಪಕ್ಕದಲ್ಲಿ ಒಂದು ಪುಟ್ಟ ತಿರುಗಣೆ ಇದೆ. ಯಾವ ಮರವೋ ಆ ಮರದ ಗುರುತಿಗೆ ಅದನ್ನು ತಿರುಗಿಸಬೇಕು. ಬೀಟೆ ದಟ್ಟವಾದ ಮರ, ಅಕ್ರೋಟ್ ಅಷ್ಟು ದಟ್ಟವಲ್ಲ. ಬೀಟೆಯ ಗುರುತಿನಲ್ಲಿಟ್ಟು ಅಕ್ರೋಟನ್ನು ಅಳೆದರೆ ಒದ್ದೆ ಮರವೂ ಒಣಗಿದಂತೆ ತೋರುತ್ತದೆ.

ಅವಳು ತಿರುಗಣೆಯನ್ನು ಬೀಟೆಗೆ ತಿರುಗಿಸಲು ಹೋದಳು.

ಅದು ಆಗಲೇ ಬೀಟೆಯಲ್ಲಿತ್ತು.

ಪುಸ್ತಕ ತೆರೆದಳು. ಜನವರಿ ಒಂಬತ್ತು, ಬೀಟೆ ಮರದ ಸ್ಟಿಯರಿಂಗ್ ಬಳೆ. ಜನವರಿ ಹನ್ನೊಂದು, ಅಕ್ರೋಟ್ ಹಲಗೆ. ಆಮೇಲೆ ಮರ ಬಂದಿರಲೇ ಇಲ್ಲ. ಕೋಷ್ಟಕ ತೆಗೆದು ಲೆಕ್ಕ ಹಾಕಿದಳು. ಎರಡನೇ ಸಲ, ಮೂರನೇ ಸಲ. ಬಂದದ್ದು ಪ್ರತಿ ಸಲವೂ ಅದೇ.

ಆ ದಿನ ಹಲಗೆಯಲ್ಲಿದ್ದದ್ದು ಎಂಟಲ್ಲ, ಹದಿಮೂರು.

ಅವನ ಕೆನ್ನೆ ಸರಿಯಾಗೇ ಹೇಳಿತ್ತು...

ಮಾವನಿಗೆ ಈಗಲೇ ಹೇಳಿಬಿಡಬೇಕೆಂದು ಎದ್ದಳು. ಮಾವ ಗಿರಾಕಿಯೊಬ್ಬರಿಗೆ, ನಮ್ಮ ಹುಡುಗಿ ಅಳೆದರೆ ಕೂದಲೆಳೆಯಷ್ಟೂ ತಪ್ಪಲ್ಲ ಎಂದು ಹೇಳುತ್ತಿದ್ದರು. ಕುಳಿತುಕೊಂಡಳು. ನಾಳೆ ಹೇಳಿದರಾಯಿತು ಅಂದುಕೊಂಡಳು.

ನಾಳೆ, ನಾಡಿದ್ದು, ಆಚೆನಾಡಿದ್ದು.

ಮೂರನೇ ದಿನ ಅವನದೇ ಫೋನ್ ಬಂತು. ದನಿಯಲ್ಲಿ ದೂರಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

“ಒಂದು ಕೇಳಲಾ ಮೇಡಂ? ಆ ಬಿರುಕು ಯಾಕೆ ಬಂತು ಅಂತ ಏನಾದ್ರೂ ಗೊತ್ತಾಯ್ತಾ? ತಪ್ಪು ಎಲ್ಲಿ ಅಂತ ತಿಳಿದ್ರೆ ತಿದ್ಕೋಬಹುದು...”

ಅವಳ ಕೈ ಆ ಪುಸ್ತಕದ ಮೇಲೇ ಇತ್ತು.

“ಇಲ್ಲ,” ಎಂದಳು.

ಒಂದೇ ಒಂದು ಪದ. ಆಮೇಲಿನ ಐದು ತಿಂಗಳಲ್ಲಿ ಆ ಪದ ಅವಳನ್ನು ಬಿಡಲಿಲ್ಲ. ಅಳತೆಯ ತಪ್ಪು ಯಾರಿಗೂ ಆಗುತ್ತದೆ. ಆದರೆ ಇದು ಅಳತೆಯ ತಪ್ಪಲ್ಲ. ಬಿರುಕು ಬಿಟ್ಟ ಹಲಗೆಯನ್ನು ತನ್ನ ಮೇಜಿನ ಹಿಂದೆ ಬಟ್ಟೆ ಸುತ್ತಿ ಇಟ್ಟುಕೊಂಡಳು. ಏನನ್ನೇ ಅಳೆಯಲಿ, ತಿರುಗಣೆಯನ್ನು ನಾಲ್ಕು ನಾಲ್ಕು ಬಾರಿ ನೋಡುವ ಚಟ ಹತ್ತಿತು. ಮೀಟರಮ್ಮನಿಗೂ ಅನುಮಾನವೇ ಎಂದು ಯಾರಾದರೂ ತಮಾಷೆ ಮಾಡಿದರೆ ಎದ್ದು ಹೋಗುತ್ತಿದ್ದಳು. ಹೇಳದೆ ದಿನ ಕಳೆದಷ್ಟೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದೇ ದೊಡ್ಡ ತಪ್ಪಾಗಿ ಬೆಳೆಯುತ್ತಿತ್ತು.

ಸೆಪ್ಟೆಂಬರಿನಲ್ಲಿ ಡಾಕ್ಟರಮ್ಮ ಬಂದರು. ಹೊಸ ಹಲಗೆ ಹಾಕಿಸಬೇಕು, ಆದರೆ ಆ ಹುಡುಗನೇ ಹಾಕಲಿ ಎಂದರು. ಆಮೇಲೆ ದನಿ ತಗ್ಗಿಸಿದರು. ಅವನನ್ನು ಬಾಗಿಲು ಮಾರುವ ಅಂಗಡಿಯಲ್ಲಿ ನೋಡಿದರಂತೆ. ಮರ ಮುಟ್ಟುವುದನ್ನೇ ಬಿಟ್ಟಿದ್ದಾನಂತೆ. ಕೇಳಿದರೆ, ನನ್ನ ಕೈಗೆ ಮರ ತಿಳಿಯಲ್ಲ ಅಂದನಂತೆ.

ಅವಳ ಕೈಯಲ್ಲಿದ್ದ ಪೆನ್ನು ನಿಂತಿತು.

“ಮಾವ...” ಎಂದಳು. “ಆ ಬಿರುಕು ನನ್ನದು.”

ನಿಂತಲ್ಲೇ ಎಲ್ಲವನ್ನೂ ಹೇಳಿದಳು. ತಿರುಗಣೆ, ಬೀಟೆ, ಹದಿಮೂರು, ಫೋನು. ಬಣ್ಣ ಊದುವ ಪಂಪನ್ನು ಯಾರೋ ನಿಲ್ಲಿಸಿದರು. ಮಾವ ಬಹಳ ಹೊತ್ತು ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡರು.

“ಆ ಹುಡುಗನಿಗೆ ನಾನು ಏನೇನೋ ಅಂದ್ಬಿಟ್ಟೆನಲ್ಲಮ್ಮಾ.”

“ಅಂದದ್ದು ನೀವು ಮಾವ. ನಿಮ್ಮಿಂದ ಅನ್ನಿಸಿದ್ದು ನಾನು.”

ಡಾಕ್ಟರಮ್ಮ ಕನ್ನಡಕ ತೆಗೆದು ಅವಳನ್ನು ನೋಡಿದರು. “ನಾನೂ ಒಂದು ಸಲ ತಪ್ಪು ಹಲ್ಲು ಕಿತ್ತಿದ್ದೆ. ಆದ್ರೆ ಅವರು ಕುರ್ಚಿಯಿಂದ ಏಳೋ ಮೊದಲೇ ಹೇಳಿದೆ ಕಣೆ. ನೀನು ಐದು ತಿಂಗಳು ತಡ. ನಡಿ, ಇನ್ನೂ ತಡ ಮಾಡಬೇಡ.”

ಆ ಅಂಗಡಿಯಲ್ಲಿ ಬಾಗಿಲುಗಳು ಸಾಲಾಗಿ ನಿಂತಿದ್ದವು. ಪ್ಲೈವುಡ್ಡಿನ ಮೇಲೆ ಮರದ ಚಿತ್ರ ಅಚ್ಚು ಹಾಕಿದ ಹಾಳೆ. ಎಲ್ಲಕ್ಕೂ ಒಂದೇ ಎಳೆ, ಒಂದೇ ಗಂಟು. ಅವುಗಳ ನಡುವೆ ಅವನು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಉಗುರ ಸಂದಿಯಲ್ಲಿ ಮರದ ಹುಡಿ ಇರಲಿಲ್ಲ. ಅದನ್ನು ನೋಡಿಯೇ ಅವಳ ಕಣ್ಣು ತುಂಬಿತು.

ಅವಳು ಪುಸ್ತಕವನ್ನೂ ಮಾಪಕವನ್ನೂ ಮೇಜಿನ ಮೇಲಿಟ್ಟಳು. ಒಂದೊಂದಾಗಿ, ಕ್ರಮವಾಗಿ, ಪ್ರಯೋಗಶಾಲೆಯಲ್ಲಿ ವರದಿ ಒಪ್ಪಿಸುವಂತೆ ಹೇಳಿದಳು. ಬೇರೆ ರೀತಿಯಲ್ಲಿ ಹೇಳಲು ಹೋಗಿದ್ದರೆ ಅತ್ತುಬಿಡುತ್ತಿದ್ದಳು.

ಅವನು ತಿರುಗಣೆಯನ್ನೇ ನೋಡುತ್ತಿದ್ದ.

“ಇದು ಯಾವತ್ತು ಗೊತ್ತಾಯ್ತು?”

“ಏಪ್ರಿಲ್ ಹದಿನೇಳು.”

“ನಾನು ಫೋನ್ ಮಾಡಿದ್ದು?”

“...ಇಪ್ಪತ್ತು.”

ಅವನು ಮುಖ ತಿರುಗಿಸಿದ. ಮಾತಾಡಿದಾಗ ದನಿ ಏರಲಿಲ್ಲ.

“ಕೆಲಸ ಹೋಯ್ತು ಅಂತಲ್ಲ ಮೇಡಂ. ಕೆಲಸ ಎಲ್ಲಾದ್ರೂ ಸಿಗುತ್ತೆ. ಆವತ್ತಿನಿಂದ ಯಾವ ಮರ ಎತ್ತಿಕೊಂಡ್ರೂ ಕೆನ್ನೆ ಏನೋ ಹೇಳೋದು, ನಿನಗೇನು ಗೊತ್ತು ಅಂತ ನಾನು ಅದರ ಬಾಯಿ ಮುಚ್ಚಿಸೋದು. ಹಾಗಾದ ಮೇಲೆ ಬಡಗಿ ಅಂತ ಹೇಗೆ ಅನ್ನಿಸ್ಕೊಳ್ಳೋದು?”

“ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ,” ಎಂದಳು ಅವಳು. “ನಿಮ್ಮದನ್ನ ನಿಮಗೆ ವಾಪಸ್ ಕೊಡೋಕೆ ಬಂದೆ. ಆವತ್ತು ನೀವು ಹೇಳಿದ್ದೇ ಸರಿ. ಹದಿಮೂರಿತ್ತು.”

ಅವನು ಮಾಪಕವನ್ನು ಅವಳತ್ತ ಸರಿಸಿದ. ಗಿರಾಕಿ ಕಾಯುತ್ತಿದ್ದಾರೆ ಎಂದು ಹೇಳಿ ಬಾಗಿಲುಗಳ ಸಾಲಿನ ಹಿಂದೆ ಹೋದ.

ಹೊಸ ಅಕ್ರೋಟ್ ಹಲಗೆ ಬಂತು. ಮಾವ ತೇವ ಎಷ್ಟು ಎಂದು ಕೇಳಿದರು. ಅವಳು ಅದರ ಮೇಲೆ ಮಾಪಕ ಇಟ್ಟಿರಲಿಲ್ಲ. ಮೊದಲು ಅವರ ಕೆನ್ನೆ ನೋಡಲಿ ಎಂದಳು. ಅವನು ಬರದಿದ್ದರೆ ಎಂದು ಮಾವ ಕೇಳಲಿಲ್ಲ. ನೆರಳಿನ ಗೋಡೆಗೆ ಒರಗಿಸಿಟ್ಟ ಹಲಗೆ ಹದಿನಾರು ದಿನ ಹಾಗೇ ನಿಂತಿತ್ತು. ಬೆಳಿಗ್ಗೆ ಬಾಗಿಲು ತೆರೆದಾಗಲೆಲ್ಲ ಅವಳು ಮೊದಲು ಬೀದಿಯತ್ತ ನೋಡುತ್ತಿದ್ದಳು, ಆಮೇಲೆ ಹಲಗೆಯತ್ತ.

*ಬರಲಿಕ್ಕಿಲ್ಲ. ಬರಬೇಕು ಅಂತ ಬಯಸೋ ಹಕ್ಕಾದರೂ ನನಗೆಲ್ಲಿದೆ?*

ಹದಿನೇಳನೆಯ ದಿನ, ಅಕ್ಟೋಬರ್ ಮೂರು, ಗುರುವಾರ. ಬಾಗಿಲಲ್ಲಿ ನೆರಳು ಬಿತ್ತು. ಹೆಗಲಲ್ಲಿ ಉಳಿಗಳ ಚೀಲ.

ಮಾವ ಎದುರು ಹೋಗಿ ಅವನ ಎರಡೂ ಕೈ ಹಿಡಿದುಕೊಂಡರು.  ಟೀ ತರುವ ನೆಪದಲ್ಲಿ ಹೊರಗೆ ಹೊರಟರು. ಕೆನ್ನೆಗೆ ಹೊಸ ಸೆಲ್ ಹಾಕಿಸಬೇಕು ಅಂದಿದ್ದವನೂ ತಲೆ ತಗ್ಗಿಸಿಕೊಂಡು ಅವರ ಹಿಂದೆಯೇ ಹೋದ.

ಅವನು ಅವಳ ಮೇಜಿನ ಬಳಿ ನಿಂತ.

“ನಿನ್ನೆ ಅಂಗಡಿಗೆ ಯಾರೋ ಒಂದು ಹಳೇ ಬಾಗಿಲ ಚೌಕಟ್ಟು ತಂದಿದ್ರು. ಸುಮ್ಮನೆ ಕೆನ್ನೆಗೆ ಹಿಡಿದೆ. ಒದ್ದೆ ಅಂತು. ತಿರುಗಿಸಿ ನೋಡಿದ್ರೆ ಹಿಂಬದಿ ಪೂರ್ತಿ ನೀರು ಕುಡಿದಿತ್ತು.” ಚೀಲವನ್ನು ಹೆಗಲಿನಿಂದ ಇಳಿಸಿದ. “ಕೋಪ ಇನ್ನೂ ಇದೆ. ಒಣಗೋಕೆ ಹೊತ್ತು ಬೇಕು.”

“ಎಷ್ಟು ಹೊತ್ತಾದರೂ ಆಗಲಿ. ಈ ಸಲ ನಾನು ಆತುರ ಮಾಡಲ್ಲ.”

ಅವನು ಹಲಗೆಯನ್ನು ಎತ್ತಿಕೊಂಡ. ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಅವಳು ಪುಸ್ತಕ ತೆರೆದು ಪೆನ್ನು ಹಿಡಿದಳು.

“ಒಂಬತ್ತು,” ಎಂದ. “ಇನ್ನೂ ಸ್ವಲ್ಪ ಕಾಯಬೇಕು.”

ಅವಳು ಅದನ್ನು ಮೊದಲು ಬರೆದಳು. ಶಾಯಿಯಲ್ಲಿ, ಅವನ ಕಣ್ಣೆದುರೇ. ಪಕ್ಕದ ಅಂಕಣವನ್ನು ಯಂತ್ರಕ್ಕೆಂದು ಖಾಲಿ ಬಿಟ್ಟಳು.

“ಕೆಲಸ ಮುಗಿದ ಮೇಲೆ ಒಂದು ಮಾತು ಕೇಳ್ತೀನಿ ಅಂದಿದ್ದೆ,” ಎಂದ ಅವನು.

“ಈ ಕೆಲಸ ಇನ್ನೂ ಶುರುವೇ ಆಗಿಲ್ಲ.”

“ಕೆಲಸ ಕೆಟ್ಟರೂ ಕೇಳಬಹುದು ಅಂತ ಈಗ ಗೊತ್ತಾಗಿದೆ.” ಹಲಗೆಯನ್ನು ಮೆಲ್ಲಗೆ ಮೇಜಿನ ಮೇಲೆ ಮಲಗಿಸಿದ. “ನನ್ನ ಜೊತೆ ಇರ್ತೀಯಾ?”

ಮೊದಲ ಬಾರಿ ಅವನು ಮೇಡಂ ಅನ್ನಲಿಲ್ಲ. ಅವಳ ಕಣ್ಣಿಂದ ಹನಿಯೊಂದು ಉರುಳಿತು. ಹಲಗೆಯ ಮೇಲೆ ಬೀಳದಂತೆ ಬೇಗ ಅಂಗೈ ಚಾಚಿ ಹಿಡಿದಳು. ಅವನು ನಕ್ಕುಬಿಟ್ಟ.

“ಇರ್ತೀನಿ,” ಎಂದಳು. “ಆದ್ರೆ... ನಾನು ಮತ್ತೆ ತಪ್ಪು ಮಾಡ್ತೀನಿ.”

“ಮಾಡು. ಅದೇ ದಿನ ಹೇಳು.”

ಅವಳು ಮಾಪಕವನ್ನು ಅವನ ಕೈಗೆ ಕೊಟ್ಟಳು. ಇಬ್ಬರೂ ಬಗ್ಗಿ ತಿರುಗಣೆ ನೋಡಿದರು. ಅಕ್ರೋಟಿನ ಗುರುತಿನಲ್ಲೇ ಇತ್ತು. ಅವನು ಒತ್ತಿ ಹಿಡಿದ. ಅಂಕಿ ಮೂಡಿತು. ಅವಳು ಅವನ ಮುಖ ನೋಡಿದಳು, ಪೆನ್ನು ಹಿಡಿದ ಕೈ ಒಂದು ಕ್ಷಣ ತಡೆಯಿತು.

“ಒಂಬತ್ತು ಅಂತ ಬರೆಯಲಾ?” ಎಂದಳು ಮೆಲ್ಲಗೆ.

“ಬೇಡ. ಇರೋದನ್ನೇ ಬರಿ.”

ಅವಳು ಬರೆದಳು. ತೇವಾಂಶ, ಶೇಕಡಾ ಒಂಬತ್ತೂವರೆ.