ಆರನೇ ರೀಲಿನ ಕೆಮ್ಮು

ಮುನಿಶಾಮಿ ತನ್ನ ಚಾಕುವನ್ನು ಮೊರದಲ್ಲಿ ಇಟ್ಟಾಗ ನಾನು ಅವರೆಕಾಳು ಹಿತುಕುತ್ತಿದ್ದೆ.

ಕೈ ನಿಲ್ಲಿಸಲಿಲ್ಲ. ಹಿಂದಿನ ದಿನ ನೆನೆಹಾಕಿದ್ದ ಕಾಳು. ಹೆಬ್ಬೆರಳಿನಿಂದ ಒತ್ತಿದರೆ ಬೇಳೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅರ್ಧ ಸೇರು ಮುಗಿದಿತ್ತು. ಕಿವಿಯ ಮೇಲೆ ಹೆಡ್‌ಫೋನು. ಅದರೊಳಗೆ ಅಮೆರಿಕದ ಒಬ್ಬ ಮುದುಕ, ಹೆಂಡತಿ ಬಿಟ್ಟುಹೋದದ್ದನ್ನು ಹೇಳಿಕೊಂಡು ಕೆಮ್ಮುತ್ತಿದ್ದ.

ಬೆಳಗಿನ ಹತ್ತು ಗಂಟೆ. ಮನೆಯಲ್ಲಿ ನಾನೊಬ್ಬಳೇ.

ಚಾಕು ದೊಡ್ಡದೇ. ಆದರೆ ಹಿಡಿ ಸಡಿಲ. ತಂದವನೂ ಹಾಗೆಯೇ.

ಹೆಡ್‌ಫೋನನ್ನು ಒಂದು ಕಿವಿಯಿಂದ ಜರುಗಿಸಿದೆ.

“ಆರನೇದು ಪಾಸ್ ಅಂತ ಬರ್ದು ಸೈನ್ ಹಾಕ್ಬುಡಿ ಅಮ್ಮಾ,” ಅಂದ. “ಮೊದಲಾಳಿ ಹೇಳವ್ರೆ.”

“ಅದಕ್ಕೆ ಚಾಕು ಯಾಕೋ ತಂದೆ? ಪೆನ್ನು ತರಬೇಕಿತ್ತು.”

ಅವನು ತಲೆ ಕೆರೆದುಕೊಂಡ. ಚಾಕು ತರುವವರಿಗೆ ಸಾಮಾನ್ಯವಾಗಿ ಪೆನ್ನು ಹೊಳೆಯುವುದಿಲ್ಲ.

ಇದು ಎಂಬತ್ತೈದರ ಜನವರಿಯ ಮಾತು. ಜೀಪು ಓಡಿಸುವ ಮುನಿಶಾಮಿಯ ಮೊದಲಾಳಿ, ಅಂದರೆ ಧಣಿ, ಲಕ್ಷ್ಮೀಪತಿಗೆ ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿ ಒಂದು ಕ್ಯಾಸೆಟ್ ಫ್ಯಾಕ್ಟರಿ. ಹೊರದೇಶದಿಂದ ದೊಡ್ಡ ರೀಲು ಬರುತ್ತದೆ, ಇಲ್ಲಿ ಅದನ್ನು ಸಾವಿರಾರು ಕ್ಯಾಸೆಟ್ಟುಗಳಿಗೆ ಇಳಿಸುತ್ತಾರೆ. ಇಳಿಸುವ ಮೊದಲು ನಾನು ಕೇಳಬೇಕು. ಕೇಳಿ ಚೀಟಿ ಬರೆಯಬೇಕು. ಪಾಸ್, ಇಲ್ಲವೇ ಫೇಲ್. ಕೆಳಗೆ ವೇದವತಿ ಎಂಬ ಸಹಿ. ಆ ಚೀಟಿ ಇಲ್ಲದೆ ಯಾವ ಆಲ್ಬಮ್ಮೂ ಗೇಟು ದಾಟಬಾರದು ಎಂದು ಬೆಂಗಳೂರಿನ ಪಾಲುದಾರರ ಕಟ್ಟುನಿಟ್ಟು.

ನಮ್ಮ ಯಜಮಾನರು ದ್ವಾರಕಾನಾಥರು ಹೊಸೂರಿನಲ್ಲಿ ಗಣಿತದ ಮೇಷ್ಟರು. ಹೆಂಡತಿಯ ಕಿವಿಗೆ ಸಂಬಳ ಬರುತ್ತದೆ ಎನ್ನುವುದು ಅವರಿಗೆ ಇವತ್ತಿಗೂ ತಮಾಷೆ. ಮೊದಲು ನಾನು ವೀಣೆ ನುಡಿಸುತ್ತಿದ್ದೆ. ಅದಕ್ಕೂ ಹನ್ನೊಂದು ವರ್ಷದ ಹಿಂದೆ ಕೆಲಸದ ಬೈರಮ್ಮನ ಕೈಜಾರಿ ಅದು ಒಡೆಯಿತು, ಅವಳನ್ನು ಬಿಡಿಸಿದೆವು, ಅವಳು ತನ್ನ ಊರು ಅಂಚೆಟ್ಟಿಗೆ ಹೋದಳು. ನಮ್ಮ ಮನೆಯಲ್ಲಿ ಹಾಗೆ ಹೇಳುತ್ತಾರೆ. ಆ ವಿಷಯ ಅಲ್ಲಿರಲಿ.

ಆ ಸಲ ಬಂದದ್ದು ಬ್ಲೂಸ್. ಆರು ಸಂಪುಟದ ಸಂಕಲನ. ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನ ಹತ್ತಿಹೊಲದಲ್ಲಿ ಬೆನ್ನು ಮುರಿದುಕೊಂಡು ಕಟ್ಟಿದ ಹಾಡು. ಮೊದಲ ಸಾಲು ಹೇಳುತ್ತಾರೆ. ಅದನ್ನೇ ಇನ್ನೊಂದು ಸಲ ಹೇಳುತ್ತಾರೆ. ಮೂರನೇ ಸಾಲಿನಲ್ಲಿ ಪೆಟ್ಟು. ಗಾಂಧಾರ ಸ್ವರವನ್ನು ಅದರ ಎರಡು ಸ್ಥಾನಗಳಾದ ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ಹಿಸುಕಿ ಹಿಡಿಯುತ್ತಾರೆ. ನಾನು ಕಲಿತ ಪಾಠದಲ್ಲಿ ಆ ಜಾಗಕ್ಕೆ ಹೆಸರಿಲ್ಲ. ಸಾವಿನ ಮನೆಯಲ್ಲಿ ಕೂತ ನಮ್ಮ ಹೆಂಗಸರ ಗಂಟಲಲ್ಲಿ ಆ ಜಾಗ ಇದೆ.

ಹಾಡು ಒಳ್ಳೆಯದು. ಸಂಕಲನ ಮಾಡಿದವನು ಮೂರ್ಖ.

ಒಂದನೇ ಸಂಪುಟದಲ್ಲಿ ಹನ್ನೆರಡು ಹಾಡು, ಹನ್ನೆರಡರಲ್ಲೂ ರೈಲು. ಅವನು ಹಾಡು ಆರಿಸಿಲ್ಲ, ಟೈಮ್‌ಟೇಬಲ್ ಮಾಡಿದ್ದಾನೆ. ಮೂರನೆಯದರಲ್ಲಿ ಒಂದೇ ಹಾಡು ನಾಲ್ಕು ಗಂಟಲಲ್ಲಿ, ಮದುವೆ ಮನೆಯಲ್ಲಿ ಸಾರಿಗೆ ನೀರು ಬೆರೆಸಿದ ಹಾಗೆ. ನಾಲ್ಕನೆಯದಕ್ಕೆ ಯಾರೋ ಆಮೇಲೆ ಚಪ್ಪಾಳೆ ಅಂಟಿಸಿದ್ದಾರೆ. ಐದನೆಯದು ಹೊಟ್ಟೆ ತುಂಬಿದವರ ದುಃಖ. ಇಸ್ತ್ರಿ ಮಾಡಿ ಮಡಿಸಿಟ್ಟದ್ದು. ಎಲ್ಲಕ್ಕೂ ಪಾಸ್ ಬರೆದೆ. ನನ್ನ ಚೀಟಿ ಸದ್ದಿಗೆ, ರುಚಿಗೆ ಅಲ್ಲ.

ಎರಡನೆಯದು ಮಾತ್ರ ಬೇರೆ. ಅದರ ಮೂರನೇ ಹಾಡಿನಲ್ಲಿ ಮುದುಕ ಕೆಮ್ಮುತ್ತಾನೆ. ಆ ಕೆಮ್ಮನ್ನು ತೆಗೆಯದೆ ಬಿಟ್ಟಿದ್ದಾರೆ. ನಾನು ಕೇಳಿದ ಐದು ಸಂಪುಟದಲ್ಲಿ ಬುದ್ಧಿ ಇದ್ದವರು ಮಾಡಿದ ಕೆಲಸ ಅದೊಂದೇ.

ಈಗ ಆರನೆಯದರ ಕತೆ. ನಾನು ಕೇಳುವ ಮೊದಲೇ, ಆಯುಧಪೂಜೆ ಕಳೆದು ಎರಡು ದಿನಕ್ಕೆ ಆ ರೀಲು ಕಾಣೆಯಾಯಿತು. ರೀಲಿನ ಬೀರುವಿನ ಬೀಗದಕೈ ಉದ್ದನಪಲ್ಲಿಯ ರಾಮಕ್ಕನ ಸೊಂಟದಲ್ಲಿ. ಗಂಡ ಇಲ್ಲದ ಹೆಂಗಸು, ಮಾತು ಕಮ್ಮಿ, ಲೆಕ್ಕ ಸರಿ. ಕದ್ದವಳು ಅವಳೇ ಎಂದು ಲಕ್ಷ್ಮೀಪತಿ ಮನೆಗೆ ಕಳಿಸಿದ. ಅಮೆರಿಕಕ್ಕೆ ಬರೆದು ಇನ್ನೊಂದು ರೀಲು ತರಿಸಿದ್ದೇನೆ ಎಂದ. ಅದರ ಪ್ರತಿಯೇ ಈಗ ನನ್ನ ಕಿವಿಯಲ್ಲಿ ಇದ್ದದ್ದು.

ಹಾಡಿನ ಹೆಸರು ಬೇರೆ. ಹಾಡಿದವನ ಹೆಸರೂ ಬೇರೆ. ದನಿ ಸಣ್ಣ, ನಡೆ ಚುರುಕು. ಆದರೆ ಎರಡನೇ ಸಾಲು ಮುಗಿದು ಮೂರನೆಯದಕ್ಕೆ ಉಸಿರೆಳೆಯುವ ಮುನ್ನ... ಕೆಮ್ಮು.

ಶ್ರುತಿಪೆಟ್ಟಿಗೆ ಒತ್ತಿ ನೋಡಿದ್ದೆ. ಎರಡನೇ ಸಂಪುಟದ ಹಾಡು ಒಂದೂವರೆ ಮನೆ ಶ್ರುತಿ. ಇದು ಎರಡೂವರೆ. ಕೆಮ್ಮು ಕೂಡ ಒಂದು ಮನೆ ಮೇಲೆ ಹೋಗಿತ್ತು. ಟೇಪು ಬೇಗ ಓಡಿಸಿದರೆ ಶ್ರುತಿ ಹೀಗೆ ಏರುತ್ತದೆ.

ಇಬ್ಬರು ಒಂದೇ ಹಾಡು ಹಾಡಬಹುದು. ಒಂದೇ ಕೆಮ್ಮು ಕೆಮ್ಮುವುದಿಲ್ಲ.

ಅಂದರೆ ಅಮೆರಿಕದಿಂದ ಏನೂ ಬಂದಿಲ್ಲ. ಹಳೆಯ ಐದು ರೀಲಿನಿಂದ ಹಾಡು ಹೆಕ್ಕಿ, ವೇಗ ಹೆಚ್ಚಿಸಿ, ಹೊಸ ಹೆಸರು ಅಂಟಿಸಿ ಇಲ್ಲಿಯೇ ಹೊಲಿದಿದ್ದರು. ಕಾಣೆಯಾದ ರೀಲನ್ನು ಮತ್ತೆ ತರಿಸದೆ ಮುಚ್ಚಿಹಾಕುವ ಅವಸರ ಯಾರಿಗೆ ಇರುತ್ತದೆ? ಕಳೆದುಕೊಂಡವನಿಗಲ್ಲ. ಕೆಡಿಸಿದವನಿಗೆ.

ಮುನಿಶಾಮಿ ಚಾಕು ತೆಗೆದುಕೊಂಡ. ಅದಕ್ಕೆ ಒಂದು ಅವರೆ ಸಿಪ್ಪೆ ಅಂಟಿತ್ತು.

“ನೀವು ಹಾಕ್ದಿದ್ರೂ ಆಗೋದು ಆಯ್ತದೆ,” ಅಂದ. “ಮೂರು ಗಂಟೆಗೆ ಉದ್ದನಪಲ್ಲಿಗೆ ಹೋಯ್ತೀನಿ. ರೀಲ್ ಕದ್ದಿದ್ದು ನಾನೇ ಅಂತ ರಾಮಕ್ಕ ಹೆಬ್ಬೆಟ್ಟು ಒತ್ತಾಳೆ. ಅಲ್ಲಿಂದ ಸೀದಾ ಸ್ಟೇಷನ್ನು.”

ಹೆಬ್ಬೆಟ್ಟು. ನನ್ನ ಹೆಬ್ಬೆರಳಿನ ಕೆಳಗೆ ಒಂದು ಕಾಳು ಪಟ್ ಎಂದು ಸಿಡಿಯಿತು.

ಕೈ ತೊಳೆದುಕೊಂಡೆ. ರೀಲಿನ ಡಬ್ಬ ನೋಡದೆ ಚೀಟಿ ಬರೆಯುವ ಪದ್ಧತಿ ನನಗಿಲ್ಲ, ಫ್ಯಾಕ್ಟರಿಗೇ ಬರುತ್ತೇನೆ ಎಂದೆ. ಶ್ರುತಿಪೆಟ್ಟಿಗೆಯ ಚೀಲ ಹೆಗಲಿಗೆ ಹಾಕಿ, ಸೆರಗು ಸಿಕ್ಕಿಸಿ ಮೊಪೆಡ್ ಹತ್ತಿದೆ. ಜೀಪು ಮುಂದೆ, ನಾನು ಹಿಂದೆ.

ಲಕ್ಷ್ಮೀಪತಿಯ ಕೋಣೆಯಲ್ಲಿ ಊದಿನಕಡ್ಡಿಯ ವಾಸನೆ. ದೈವಭಕ್ತ. ಡಬ್ಬ ಮುಂದಿಟ್ಟ. ಮೇಲೆ ಹೊರದೇಶದ ಒಂದೂ ಅಂಚೆಚೀಟಿ ಇಲ್ಲ.

“ಮೇಡಂ, ಹೊಸೂರಲ್ಲಿ ಕೂತು ಈ ಬ್ಲೂಸ್ ಯಾರಿಗೆ ಅರ್ಥ ಆಗುತ್ತೆ? ಎಲ್ಲಾ ಒಂದೇ ಅಳು.”

“ಎಲ್ಲಾ ಒಂದೇ ಅಳು ಅನ್ನೋಕೆ ಕಿವಿ ಬೇಡ ಸಾರ್. ಕುರ್ಚಿ ಸಾಕು.”

ಅವನು ನಕ್ಕ. ಸಂಜೆ ಆರರೊಳಗೆ ನನ್ನ ಚೀಟಿಯೂ ರಾಮಕ್ಕನ ಕಾಗದವೂ ಬೆಂಗಳೂರಿಗೆ ಹೋಗಬೇಕು, ಇಲ್ಲದಿದ್ದರೆ ನನ್ನ ಜಾಗಕ್ಕೆ ಬೇರೆ ಕಿವಿ ಹುಡುಕಬೇಕಾಗುತ್ತದೆ ಎಂದು ಮೆತ್ತಗೆ ಹೇಳಿದ. ಅಷ್ಟರಲ್ಲಿ ಟ್ರಂಕ್‌ಕಾಲ್ ಬಂತು. ಪಾಲುದಾರರೇ. ಅವನು ನನಗೆ ಬೆನ್ನು ಮಾಡಿ ಫೋನಿಗೆ ಕೈಮುಗಿಯುವಂತೆ ಬಗ್ಗಿದ.

ನಾನು ಗೋಡೆ ನೋಡಿದೆ.

ಗೋಡೆಯಲ್ಲಿ ಆಯುಧಪೂಜೆಯ ಫೋಟೋ. ಬಣ್ಣದ್ದು, ಕಟ್ಟು ಹಾಕಿಸಿ ಹೂ ಮುಡಿಸಿದ್ದು. ನಿಮಗೆ ಈ ಕಡೆಯ ಫ್ಯಾಕ್ಟರಿಗಳ ಪದ್ಧತಿ ಗೊತ್ತಿರಬಹುದು. ಪ್ರತಿ ಮೆಷಿನ್ನಿಗೂ ಕುಂಕುಮ, ಹೂವು, ನಿಂಬೆಹಣ್ಣು. ಮಂಗಳಾರತಿ ಆದ ಮೇಲೆ ಎಲ್ಲ ಸ್ವಿಚ್ಚನ್ನೂ ಒಟ್ಟಿಗೆ ಒಂದು ಗಳಿಗೆ ಹಾಕುತ್ತಾರೆ. ಮೆಷಿನ್ನು ಕಣ್ಣು ಬಿಡಬೇಕು ಎಂದು.

ಫೋಟೋದ ನಡುವೆ ಲಕ್ಷ್ಮೀಪತಿ, ಪಂಚೆಯಲ್ಲಿ. ಅವನ ಮುಂದೆ ಕಬ್ಬಿಣದ ಪೀಠದಂಥ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ, ಚೆಂಡುಹೂವಿನ ನಡುವೆ, ಕುಂಕುಮ ಇಟ್ಟ ರೀಲು. ಡಬ್ಬದ ಮೇಲೆ ಆರು ಎಂಬ ಅಂಕಿ ದಪ್ಪಗೆ.

ಆ ಪೆಟ್ಟಿಗೆ ಪೀಠ ಅಲ್ಲ. ಅದು ಇರೇಸರ್. ಕೆಟ್ಟ ಟೇಪನ್ನು ಅದರ ಮೇಲಿಟ್ಟು ಸ್ವಿಚ್ ಹಾಕಿದರೆ ಹಾಡೆಲ್ಲ ಅಳಿಸಿಹೋಗುತ್ತದೆ. ಫೋಟೋದಲ್ಲಿ ಅದರ ಕೆಂಪು ದೀಪ ಉರಿಯುತ್ತಿತ್ತು.

ಅತಿ ಬೆಲೆಯ ರೀಲನ್ನು ಆರಿಸಿ, ಅತಿ ಎತ್ತರದ ಜಾಗ ಕೊಟ್ಟು, ತಾನೇ ಕೈಯಾರೆ ಅಳಿಸಿಬಿಟ್ಟಿದ್ದ. ಆ ತಪ್ಪಿಗೆ ಹೂ ಮುಡಿಸಿ ದಿನಾ ಊದಿನಕಡ್ಡಿ ಹಚ್ಚುತ್ತಿದ್ದ... ಹನ್ನೆರಡು ಹಾಡು. ಯಾರಾರೋ ಜೀವ ಸುಟ್ಟುಕೊಂಡು ಹಾಡಿದ್ದು. ನಾನು ಒಂದು ಸಲವೂ ಕೇಳದ್ದು.

ಫೋನಿನಲ್ಲಿ ಅವನು ‘ಎಸ್ ಸಾರ್’ ಎನ್ನುತ್ತಲೇ ಇದ್ದ. ಮುನಿಶಾಮಿ ಜೀಪಿಗೆ ನೀರು ಹಾಕಲು ಹೋಗಿದ್ದ. ಫೋಟೋ ಮೊಳೆಯಿಂದ ಇಳಿದು ಶ್ರುತಿಪೆಟ್ಟಿಗೆಯ ಕೆಳಗೆ ಸೇರಿತು. ಸಂಜೆ ಚೀಟಿ ಕೊಡುತ್ತೇನೆ ಎಂದು ಸನ್ನೆ ಮಾಡಿ ಹೊರಗೆ ಬಂದೆ.

ಉದ್ದನಪಲ್ಲಿಗೆ ಹೋಗುವ ರಾಯಕೋಟೆ ರಸ್ತೆಗೆ ತಿರುಗಿದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಹಿಂದೆ ಜೀಪಿನ ಸದ್ದು. ಬರಿಗೋಡೆ ಲಕ್ಷ್ಮೀಪತಿಯ ಕಣ್ಣಿಗೆ ಬಿದ್ದಿತ್ತು ಅಂತ ಕಾಣುತ್ತದೆ. ಮೊಪೆಡ್ಡಿನ ಕಿವಿ ಪೂರಾ ತಿರುಗಿಸಿದೆ. ಅದು ನರಳಿತು, ಅಷ್ಟೇ. ಜೀಪು ಪಕ್ಕಕ್ಕೇ ಬಂತು. ಮುನಿಶಾಮಿ ಸ್ಟೀರಿಂಗ್ ನನ್ನ ಕಡೆ ಎಳೆದ. ಮಣ್ಣಿಗೆ ಇಳಿದೆ. ಚೀಲದೊಳಗೆ ಶ್ರುತಿಪೆಟ್ಟಿಗೆ ಅರಚಿತು. ಬೀಳಲಿಲ್ಲ.

ತಿರುವಿನ ಆಚೆ ರಸ್ತೆ ಅಗಲಕ್ಕೂ ಹುರುಳಿ ಹರಡಿದ್ದರು.

ಸುಗ್ಗಿಯಲ್ಲಿ ಇಲ್ಲಿ ರಸ್ತೆಯೇ ಕಣ. ಬಸ್ಸು ಲಾರಿ ಹಾಯ್ದು ಕಾಳು ಉದುರಲಿ ಎಂದು ಬಳ್ಳಿ ಹಾಸುತ್ತಾರೆ. ನಿಧಾನಕ್ಕೆ ಹಾಯ್ದರೆ ಪುಣ್ಯ. ಜೋರಾಗಿ ನುಗ್ಗಿದರೆ ಬಳ್ಳಿ ಗಾಡಿಯ ಹೊಟ್ಟೆಗೆ ಸುತ್ತಿಕೊಳ್ಳುತ್ತದೆ. ನಾನು ಅಂಚು ಹಿಡಿದು ದಾಟಿದೆ. ಮುನಿಶಾಮಿ ನುಗ್ಗಿದ.

ಹಿಂದೆ ಜೀಪು ಕೊಸರಾಡಿ ನಿಂತ ಸದ್ದು. ಆಮೇಲೆ ಒಬ್ಬ ರೈತ ಹೆಂಗಸಿನ ದನಿ, ಅವನ ಮೂರು ತಲೆಮಾರನ್ನು ಹೆಸರು ಹಿಡಿದು ಕರೆಯುತ್ತಿತ್ತು. ಆ ದನಿಗೆ ನಾನು ಕಣ್ಣುಮುಚ್ಚಿ ಪಾಸ್ ಬರೆಯುತ್ತಿದ್ದೆ.

ಉದ್ದನಪಲ್ಲಿಯಲ್ಲಿ ರಾಮಕ್ಕನ ಮಾವ ಆವುಲಪ್ಪ ಜಗಲಿಯ ಮೇಲೆ ಇಂಕ್ ಪ್ಯಾಡ್ ತೆರೆದಿಟ್ಟುಕೊಂಡು ಕಾಯುತ್ತಿದ್ದ. ಊರ ಬಾಯಿಗೆ ಬಿದ್ದದ್ದು ಸಾಕು, ಒತ್ತಿ ಮುಗಿಸಲಿ ಎನ್ನುವುದು ಅವನ ನ್ಯಾಯ. ರಾಮಕ್ಕ ಬಾಗಿಲ ಹತ್ತಿರ ಕೂತಿದ್ದಳು. ಕೈ ಎರಡೂ ಸೆರಗಿನೊಳಗೆ.

ಫೋಟೋ ತೆಗೆದು ಅವಳ ಮುಂದಿಟ್ಟೆ. ಕೆಂಪು ದೀಪ ತೋರಿಸಿದೆ. ಆ ಪೆಟ್ಟಿಗೆ ಏನು ಎಂದು ಆವುಲಪ್ಪನಿಗೆ ಹೇಳಿದೆ. ರಾಮಕ್ಕ ಆ ಪೆಟ್ಟಿಗೆಯ ಮೇಲೆ ಬೆರಳಿಟ್ಟಳು.

“ಅದರ ಮ್ಯಾಲೆ ಬ್ಯಾಡ ಸಾರ್ ಅಂದೆ ಅಮ್ಮಾವ್ರೇ,” ಅಂದಳು. “ಪೂಜೆ ಹೊತ್ನಾಗೆ ಬ್ಯಾಡ ಅನ್ಬಾರ್ದು, ಅಪಶಕುನದ ಬಾಯಿ ಅಂದ್ರು. ಆಮ್ಯಾಕೆ ರೀಲ್ ನಾನೇ ಬೀರುಗೆ ಇಟ್ಟಿವ್ನಿ ಅಂದ್ರು. ನನ್ ಮಾತು ಯಾರು ಕೇಳ್ತಾರೆ?”

ಕೇಳುವುದೇ ನನ್ನ ಕೆಲಸ. ಮೂರು ತಿಂಗಳು ನಾನೂ ಕೇಳಿರಲಿಲ್ಲ.

ಮುನಿಶಾಮಿ ನಡೆದೇ ಬಂದ. ಅಂಗಿಯ ತುಂಬ ಹುರುಳಿ ಎಲೆ, ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಚಾಕು. ಆವುಲಪ್ಪ ಏಳಲಿಲ್ಲ. ಫೋಟೋವನ್ನು ಅವನ ಕಡೆ ತಿರುಗಿಸಿದ. ಫೋಟೋದಲ್ಲಿ ಲಕ್ಷ್ಮೀಪತಿಯ ಪಕ್ಕ, ತೆಂಗಿನಕಾಯಿ ಹಿಡಿದು ನಿಂತವನು ಮುನಿಶಾಮಿಯೇ.

“ಇವ್ಳು ಬ್ಯಾಡ ಅಂದಿದ್ದು ನೀನು ಕೇಳ್ದೇನ್ಲಾ?”

ಮುನಿಶಾಮಿ ನೆಲ ನೋಡಿದ. “ಕೇಳ್ದೆ.”

ಆವುಲಪ್ಪ ಇಂಕ್ ಪ್ಯಾಡನ್ನು ಅವನ ಕಡೆ ತಳ್ಳಿದ. “ಹಂಗಾದ್ರೆ ನೀನೇ ಒತ್ತು ಬಾರ್ಲಾ. ಹೆಬ್ಬೆಟ್ಟು ಐತಲ್ಲ.”

ಚಾಕು ಮುನಿಶಾಮಿಯ ಅಂಗಿಯೊಳಗೆ ಹೋಯಿತು. ಕಾಗದ ನಾಲ್ಕು ಚೂರಾಯಿತು. ನಾನು ಚೀಲದಿಂದ ನನ್ನ ಚೀಟಿ ತೆಗೆದು ಬರೆದೆ: ಸಂಪುಟ ಆರು. ಫೇಲ್. ಕಾರಣ, ಕೆಮ್ಮು. ಅದನ್ನು ಮುನಿಶಾಮಿಯ ಜೇಬಿಗೆ ಹಾಕಿ ಹೇಳಿ ಕಳಿಸಿದೆ. ಸೋಮವಾರ ಬೀಗದಕೈ ರಾಮಕ್ಕನ ಸೊಂಟಕ್ಕೆ ಬರಬೇಕು. ಬರದಿದ್ದರೆ ಫೋಟೋ ಬೆಂಗಳೂರಿಗೆ ಹೋಗುತ್ತದೆ.

ಹೊರಡುವಾಗ ರಾಮಕ್ಕ ನನ್ನ ಮೊಪೆಡ್ ಹಿಡಿದು ನಿಂತಳು. ನನಗೋಸ್ಕರ ಯಾಕಮ್ಮಾ ಇಷ್ಟೆಲ್ಲ ಎಂದು ಕೇಳಿದಳು. ಮೊಪೆಡ್ ಹತ್ತಿದೆ. ಹೊಗೆ ಬಿಟ್ಟೆ.

ಐದು ಗಂಟೆಗೆ ಲಕ್ಷ್ಮೀಪತಿ ಮನೆಗೇ ಬಂದ. ಬೆವೆತಿದ್ದ. ಸೋಮವಾರ ಅವಳು ಬರಲಿ, ಪಾಲುದಾರರಿಗೆ ತಾನೇ ಹೇಳಿಕೊಳ್ಳುತ್ತೇನೆ ಎಂದ. ಫೋಟೋ ಕೇಳಿದ. ಅದು ಆವುಲಪ್ಪನ ದೇವರ ಗೂಡಿನಲ್ಲಿದೆ ಎಂದೆ. ದೈವಭಕ್ತನಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ಅಷ್ಟರಲ್ಲಿ ನಮ್ಮವರು ಶಾಲೆಯಿಂದ ಬಂದರು. ಅವನನ್ನು ಕೂರಿಸಿ ಕಾಫಿ ಕೊಡಿಸಿದರು. ವಿಷಯ ತಿಳಿದು ಹೆಮ್ಮೆಪಟ್ಟರು.

“ನಮ್ಮ ವೇದಾ ಹಾಗೇ ಸಾರ್. ಕೆಲಸದ ಬೈರಮ್ಮ ಇವಳ ವೀಣೆ ಒಡೆದು ಹಾಕಿದಾಗಲೂ ಒಂದು ಮಾತು ಬೈಯಲಿಲ್ಲ.”

ಲಕ್ಷ್ಮೀಪತಿ ನನ್ನನ್ನು ನೋಡಿದ. ನಾನು ಅವರೆಕಾಳು ನೋಡಿದೆ.

ಬೈಯಲಿಲ್ಲ, ನಿಜ. ಬೈರಮ್ಮ ಆ ಹೊತ್ತಿಗೆ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಕೃಷ್ಣಗಿರಿಯಲ್ಲಿ ನನಗೊಂದು ಕಛೇರಿಗೆ ಕರೆ ಬಂದಿತ್ತು. ನಮ್ಮವರು ಬೇಡ ಎಂದಿದ್ದರು. ವೀಣೆ ಬೀಳಲಿಲ್ಲ. ಆ ಸಿಟ್ಟಿಗೆ ನಾನೇ ಎತ್ತಿ ನೆಲಕ್ಕೆ ಹಾಕಿದೆ. ಸದ್ದಿಗೆ ಅತ್ತೆ ಓಡಿಬಂದರು, ಹಿಂದೆ ಒದ್ದೆ ಕೈಯಲ್ಲಿ ಬೈರಮ್ಮ. ಯಾರು ಮಾಡಿದ್ದು ಎಂದು ಅತ್ತೆ ಕೇಳಿದಾಗ ನಾನು ಬಾಯಿ ತೆರೆಯಲಿಲ್ಲ. ಬೈರಮ್ಮನ ಕಡೆ ನೋಡಿದೆ. ಅಷ್ಟೇ. ಹೆಬ್ಬೆಟ್ಟೂ ಬೇಕಾಗಲಿಲ್ಲ. ಅವಳು ಅಂಚೆಟ್ಟಿಗೆ ಹೋದಳು.

ತಪ್ಪಿಗೆ ಹೂ ಮುಡಿಸಿದ ಫೋಟೋ ನಮ್ಮ ಮನೆಯಲ್ಲೂ ಒಂದಿತ್ತು. ಗೋಡೆಯಲ್ಲಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಲಕ್ಷ್ಮೀಪತಿ ಹೋದ. ಮೊರ ಎಳೆದುಕೊಂಡು ಉಳಿದ ಅರ್ಧ ಸೇರು ಹಿತುಕಿದೆ. ನಾಳೆ ತಿಂಡಿಗೆ ಏನು ಎಂದು ನಮ್ಮವರು ಒಳಗಿನಿಂದ ಕೇಳಿದರು. ಹಿತುಕಿದ ಬೇಳೆ ಉಪ್ಪಿಟ್ಟು, ಬೇಗನೇ ಮಾಡಿ ಮುಚ್ಚಿಡುತ್ತೇನೆ ಎಂದೆ. ಯಾಕೆ ಬೇಗ ಎಂದು ಅವರು ಕೇಳಲಿಲ್ಲ.

ಅಂಚೆಟ್ಟಿಗೆ ಬೆಳಗ್ಗೆ ಒಂದೇ ಬಸ್ಸು.

ಅಂಚೆಟ್ಟಿಗೆ ಬೆಳಗ್ಗೆ ಒಂದೇ ಬಸ್ಸು.

ಹನ್ನೊಂದು ವರ್ಷದಿಂದ ಅದನ್ನು ತಪ್ಪಿಸಿಕೊಂಡೇ ಬಂದಿದ್ದೆ.